ಒಂದೇ ಮೈಕಿನ ಸುತ್ತ ಐದು ಜನ: ಡ್ರಮ್ ಇಲ್ಲದ ಸ್ಟ್ರಿಂಗ್ ಬ್ಯಾಂಡಿಗೆ ಸೌಂಡ್ ಹೊಂದಿಸುವ ಬಗೆ

ಅಮೆರಿಕದ ಬ್ಲೂಗ್ರಾಸ್, ಓಲ್ಡ್‌ಟೈಮ್ ಎಂಬ ಜಾನಪದ ಮೂಲದ ತಂತಿವಾದ್ಯ ಪರಂಪರೆಯ ತಂಡಗಳಲ್ಲಿ ಬಹಳಷ್ಟಕ್ಕೆ ಡ್ರಮ್ಮರ್ ಇರುವುದಿಲ್ಲ. ಮಿನೆಸೋಟದ ಡುಲುತ್ ಊರಿನ ಟ್ರಾಂಪಲ್ಡ್ ಬೈ ಟರ್ಟಲ್ಸ್ ತಂಡದ ವೇಗ ಕೇಳಿದವರಿಗೆ ಇದನ್ನು ನಂಬುವುದು ಕಷ್ಟ, ಆದರೆ ವೇದಿಕೆಯ ಮೇಲಿರುವುದು ತಂತಿವಾದ್ಯಗಳಷ್ಟೇ. ನಾಲ್ಕು ಎಣಿಕೆಯಲ್ಲಿ ಒಂದಕ್ಕೂ ಮೂರಕ್ಕೂ ಡಬಲ್ ಬಾಸ್ ಬೀಳುತ್ತದೆ, ಎರಡಕ್ಕೂ ನಾಲ್ಕಕ್ಕೂ ಮ್ಯಾಂಡೊಲಿನ್‌ನ ‘ಚಾಪ್’. ತಂತಿ ಮೀಟಿದ ಕೂಡಲೇ ಎಡಗೈ ಬೆರಳು ಸಡಿಲಿಸಿ ನಾದವನ್ನು ಅಲ್ಲೇ ಕತ್ತರಿಸುವ ಹೊಡೆತ ಅದು. ಈ ಜೋಡಿಯಲ್ಲಿ ಒಂದು ಕೊನೆಯ ಸಾಲಿಗೆ ಕೇಳಿಸದಿದ್ದರೂ ಕಾಲು ಕುಣಿಯುವುದಿಲ್ಲ. ಹಾಡಿನ ಮಾತು ಅರ್ಧ ತಪ್ಪಿದರೂ ಜನ ಸಹಿಸುತ್ತಾರೆ, ಇದನ್ನು ಸಹಿಸುವುದಿಲ್ಲ. ಮುಂದೆ ಹೇಳುವುದೆಲ್ಲ ಈ ಜೋಡಿಯನ್ನು ಕಾಪಾಡುವ ಲೆಕ್ಕದಲ್ಲೇ ಇದೆ.

ಮೈಕ್ ಒಂದೋ, ಹತ್ತೋ

ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೊ ಕಾರ್ಯಕ್ರಮಕ್ಕೆ ಬ್ಲೂಗ್ರಾಸ್‌ನ ಜನಕ ಎನಿಸಿದ ಬಿಲ್ ಮನ್ರೋ ಸೇರಿದ್ದು 1939ರಲ್ಲಿ. ಆ ಕಾಲದ ತಂಡಗಳು ಒಂದೇ ಮೈಕಿನ ಸುತ್ತ ಗುಂಪಾಗಿ ನಿಂತು ಹಾಡುತ್ತಿದ್ದವು. ಸರದಿ ಬಂದವರು ಮುಂದೆ ನುಗ್ಗುವುದು, ಮುಗಿದವರು ಹಿಂದೆ ಸರಿಯುವುದು. ಪ್ರತಿಯೊಬ್ಬರಿಗೂ ಮೈಕು, ಮಾನಿಟರು (ವೇದಿಕೆಯ ಮೇಲಿನವರಿಗೇ ಕೇಳಿಸಲು ಇಡುವ ಸ್ಪೀಕರ್) ಬಂದ ಮೇಲೆ ಈ ಪದ್ಧತಿ ಹಿಂದೆ ಬಿತ್ತು. 1990ರ ದಶಕದಲ್ಲಿ ಡೆಲ್ ಮೆಕೋರಿ ಬ್ಯಾಂಡ್ ಮತ್ತೆ ಒಂದೇ ಮೈಕಿಗೆ ಮರಳಿದಾಗ ಅದನ್ನು ನೋಡಿ ಹಲವು ತಂಡಗಳು ಹಿಂಬಾಲಿಸಿದವು. ನಮ್ಮ ಕಛೇರಿಯಲ್ಲಿ ಕಲಾವಿದರು ಕೂತಲ್ಲೇ ಕೂತು, ಮೈಕನ್ನು ಅವರ ಬಳಿ ತರುತ್ತೇವೆ. ಇಲ್ಲಿ ಮೈಕ್ ಅಲುಗಾಡುವುದಿಲ್ಲ, ಜನ ಓಡಾಡುತ್ತಾರೆ. ನೋಡುವವರಿಗೆ ಅರ್ಧ ರೋಮಾಂಚನ ಈ ಓಡಾಟದಿಂದಲೇ ಬರುತ್ತದೆ.

ಜನ ಕೂತು ಕೇಳುವ ನೂರಿನ್ನೂರು ಆಸನದ ಸಭಾಂಗಣ, ಡ್ರಮ್ ಇಲ್ಲ, ತಂಡಕ್ಕೆ ಒಬ್ಬರ ದನಿಗೆ ಒಬ್ಬರು ತಗ್ಗುವ ಅಭ್ಯಾಸವಿದೆ ಎಂದರೆ ಒಂದೇ ಮೈಕ್ ಇಡಿ. ಬಾರ್‌ನಲ್ಲಿ, ಗಾಳಿ ಬೀಸುವ ಬಯಲಿನಲ್ಲಿ, ಕಾಲಲ್ಲಿ ಕಿಕ್ ಡ್ರಮ್ ಒದೆಯುವ ತಂಡದ ಜೊತೆ ಇದಕ್ಕೆ ಕೈ ಹಾಕಬೇಡಿ. ಜನರ ಗದ್ದಲ ಮೈಕಿಗೆ ಬೀಳುವ ಸಂಗೀತಕ್ಕೆ ಹತ್ತಿರವಾದಷ್ಟೂ ನೀವು ಫೇಡರ್ (ಮಿಕ್ಸರ್‌ನಲ್ಲಿ ಸದ್ದು ಏರಿಳಿಸುವ ಜಾರುಗುಂಡಿ) ಏರಿಸುತ್ತೀರಿ, ಏರಿಸಿದಷ್ಟೂ ಫೀಡ್‌ಬ್ಯಾಕ್, ಅಂದರೆ ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಬಿದ್ದು ಹುಟ್ಟುವ ಕೂಗು, ಹತ್ತಿರವಾಗುತ್ತದೆ. ಅದರಿಂದ ಹೊರಬರುವ ದಾರಿಯಿಲ್ಲ.

ಒಂದೇ ಮೈಕಿನ ಜೋಡಣೆ

ಬೇಕಾದದ್ದು ದೊಡ್ಡ ಡಯಾಫ್ರಮ್‌ನ (ಸದ್ದಿಗೆ ಮಿಡಿಯುವ ಪೊರೆ), ಕಾರ್ಡಿಯಾಯ್ಡ್ ಮಾದರಿಯ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಕಂಡೆನ್ಸರ್ ಮೈಕ್. ಆಡಿಯೊ-ಟೆಕ್ನಿಕಾ 4033 ಬ್ಲೂಗ್ರಾಸ್ ತಂಡಗಳಲ್ಲಿ ಹೆಸರು ಮಾಡಿದೆ; ಪೋರ್ಟ್‌ಲ್ಯಾಂಡ್‌ನ ಇಯರ್ ಟ್ರಂಪೆಟ್ ಲ್ಯಾಬ್ಸ್‌ನ ಲೂಯಿಸ್ ಇದೇ ಕೆಲಸಕ್ಕೆಂದೇ ತಯಾರಾದದ್ದು. ಎರಡಕ್ಕೂ ಮಿಕ್ಸರ್‌ನಿಂದ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕಿನ ಕೇಬಲ್ಲಿನಲ್ಲೇ ಹೋಗುವ ವಿದ್ಯುತ್) ಬೇಕು. ಎಸ್‌ಎಂ58 ಇಟ್ಟು ಸುತ್ತ ಐದು ಜನರನ್ನು ನಿಲ್ಲಿಸಿದರೆ ಕೆಲಸ ಆಗುವುದಿಲ್ಲ. ಅದು ತುಟಿಯ ಹತ್ತಿರ ಹಿಡಿಯಲೆಂದು ಮಾಡಿದ ಮೈಕ್, ಅರ್ಧ ಮೀಟರ್ ದೂರದ ವಾದ್ಯವನ್ನು ತೆಳ್ಳಗೆ ಹಿಡಿಯುತ್ತದೆ.

ಸ್ಟ್ಯಾಂಡ್ ನೇರವಾಗಿರಲಿ, ಬುಡ ಗುಂಡಗೆ, ಭಾರವಾಗಿರಲಿ. ಬೂಮ್ ಸ್ಟ್ಯಾಂಡಿನ ತೋಳಿಗೆ ಮೊದಲ ಹಾಡಿನಲ್ಲೇ ಪಿಟೀಲಿನ ಕಮಾನೋ ಗಿಟಾರಿನ ತಲೆಯೋ ತಾಗುತ್ತದೆ. ಮೈಕಿನ ಎತ್ತರ ಮುಖ್ಯ ಗಾಯಕರ ಗದ್ದದಿಂದ ನಾಲ್ಕು ಬೆರಳು ಕೆಳಗೆ. ಇದಕ್ಕಿಂತ ಎತ್ತರಿಸಿದರೆ ದನಿ ಚೆನ್ನಾಗಿ ಬರುತ್ತದೆ, ಆದರೆ ವಾದ್ಯಗಳನ್ನು ಎದೆಗೆತ್ತಿ ನುಡಿಸಬೇಕಾಗುತ್ತದೆ. ಹಾಡುವವರು 30ರಿಂದ 45 ಸೆಂ.ಮೀ. ದೂರದಲ್ಲಿ ನಿಲ್ಲಲಿ. ಸೋಲೋ ನುಡಿಸುವವರು ವಾದ್ಯವನ್ನು 15–20 ಸೆಂ.ಮೀ.ವರೆಗೆ ತರಲಿ.

ಈ ಅಳತೆಗಳ ಹಿಂದೆ ಒಂದು ಲೆಕ್ಕವಿದೆ. ದೂರ ಅರ್ಧವಾದರೆ ಮೈಕಿಗೆ ಬೀಳುವ ನೇರ ಸದ್ದು ಸುಮಾರು 6 ಡೆಸಿಬೆಲ್ ಏರುತ್ತದೆ. 40ರಿಂದ 20 ಸೆಂ.ಮೀ.ಗೆ ಬಂದ ಬ್ಯಾಂಜೊ ಯಾರೂ ಫೇಡರ್ ಮುಟ್ಟದೆಯೇ ಸೋಲೋ ಆಗುತ್ತದೆ. ಮಿಕ್ಸಿಂಗ್ ಮಾಡುವವರು ವೇದಿಕೆಯ ಮೇಲಿನವರೇ, ಎಂಜಿನಿಯರ್ ಕೈಕಟ್ಟಿ ಕೂರಬೇಕು. ಹಾಗಾಗಿ ಈ ಮೈಕಿನ ಮೇಲೆ ಕಂಪ್ರೆಸರ್ (ಜೋರು ಸದ್ದನ್ನು ತಾನಾಗಿ ತಗ್ಗಿಸುವ ಸಾಧನ) ಹಾಕಲೇಬೇಡಿ: ಹತ್ತಿರ ಬಂದವರನ್ನು ಅದು ಒತ್ತಿ ತಗ್ಗಿಸುತ್ತದೆ, ಎಲ್ಲರೂ ದೂರ ಸರಿದಾಗ ಗೇನ್ (ಸದ್ದನ್ನು ಹಿಗ್ಗಿಸುವ ಪ್ರಮಾಣ) ಮತ್ತೆ ಏರಿ ಮೈಕ್ ಕೂಗುತ್ತದೆ.

ಮೈಕಿನ ಮುಖ ವೇದಿಕೆಯ ಹಿಂಗೋಡೆಯ ಕಡೆ, ಬೆನ್ನು ಜನರ ಕಡೆ. ಕಾರ್ಡಿಯಾಯ್ಡ್ ಮೈಕಿಗೆ ಬೆನ್ನ ಹಿಂದಿನ ಸದ್ದು ಅತಿ ಕಡಿಮೆ ಕೇಳಿಸುವುದರಿಂದ ಪಿಎ (ಜನರಿಗೆ ಕೇಳಿಸುವ ಧ್ವನಿವರ್ಧಕ ವ್ಯವಸ್ಥೆ) ಸ್ಪೀಕರ್‌ಗಳನ್ನು ಅದಕ್ಕಿಂತ ಕನಿಷ್ಠ ಒಂದೂವರೆ ಮೀಟರ್ ಮುಂದೆ, ಸಾಧ್ಯವಾದಷ್ಟು ಅಗಲಕ್ಕೆ ಇಡಿ. ಇಷ್ಟಾದರೂ ಕೂಗಿದರೆ ಹಿಂಗೋಡೆ ನೋಡಿ. ಬರಿ ಗೋಡೆಗೆ ಬಡಿದ ಸದ್ದು ನೇರವಾಗಿ ಮೈಕಿನ ಮುಖಕ್ಕೇ ಬರುತ್ತದೆ. ದಪ್ಪ ಪರದೆ ಇಳಿಬಿಡಿ, ಪರದೆ ಇಲ್ಲದಿದ್ದರೆ ಇಡೀ ತಂಡವನ್ನೂ ಸ್ಪೀಕರ್‌ಗಳನ್ನೂ ಒಟ್ಟಿಗೆ ಮುಂದಕ್ಕೆ ತನ್ನಿ.

ನೆಲದ ಮಾನಿಟರ್ ಬೇಡ. ಬೇಡ ಎಂದರೆ ಗಾಯಕರು ಗೊಣಗುತ್ತಾರೆ, ಆದರೂ ಬೇಡ. ಅರ್ಧ ವೃತ್ತವಾಗಿ ಹತ್ತಿರ ನಿಂತರೆ ಒಬ್ಬರಿಗೊಬ್ಬರು ಕೇಳಿಸುತ್ತಾರೆ. ಮೂರು ದನಿಗಳ ಹಾರ್ಮನಿ ಕೂಡುವುದೂ ಹಾಗೆಯೇ.

ಡಬಲ್ ಬಾಸ್ ಮಾತ್ರ ಈ ಲೆಕ್ಕದಿಂದ ಹೊರಗೆ. ಅದರ ತಗ್ಗಿನ ತಂತಿ ಸುಮಾರು 41 ಹರ್ಟ್ಸ್, ಒಂದು ಮೀಟರ್ ದೂರದ ಮೈಕಿನಿಂದ ಅದನ್ನು ಹಿಡಿದು ಪಿಎಗೆ ಕೊಡಲು ಹೋದರೆ ಇಡೀ ವೇದಿಕೆ ಗುಂಯ್‌ಗುಡುತ್ತದೆ. ಬಾಸಿಗೆ ಪಿಕಪ್ (ವಾದ್ಯದ ಮೇಲೇ ಕೂತು ಅದರ ಕಂಪನ ಹಿಡಿಯುವ ಸಾಧನ) ಹಾಕಿ ಬೇರೆ ಲೈನ್ ಕೊಡಿ, ನಡುವಿನ ಮೈಕಿಗೆ 100 ಹರ್ಟ್ಸ್‌ನಲ್ಲಿ ಹೈಪಾಸ್ (ಅದಕ್ಕಿಂತ ತಗ್ಗಿನ ಸದ್ದನ್ನು ತಡೆಯುವ ಫಿಲ್ಟರ್) ಹಾಕಿ.

ಫೀಡ್‌ಬ್ಯಾಕ್ ಹಿಡಿಯುವುದು

ಮೈಕ್ ಯಾವ ಫ್ರೀಕ್ವೆನ್ಸಿಯಲ್ಲಿ ಕೂಗುತ್ತದೆ ಎಂದು ಹುಡುಕುವ ಕೆಳಗಿನ ಪರೀಕ್ಷೆಯನ್ನು ಖಾಲಿ ವೇದಿಕೆಯಲ್ಲಿ ಮಾಡಿದರೆ ಅರ್ಧ ದಂಡ. ಗಿಟಾರ್, ಬಾಸ್‌ಗಳ ಪೊಳ್ಳು ಒಡಲು ತಾನೇ ಮಿಡಿದು ಕೂಗಿಗೆ ಸೇರಿಕೊಳ್ಳುತ್ತದೆ. ಎಲ್ಲರೂ ವಾದ್ಯ ಹಿಡಿದು ತಮ್ಮ ಜಾಗದಲ್ಲಿ, ನುಡಿಸದೆ ನಿಂತಿರಲಿ.

1. ಈಕ್ವಲೈಜರ್ (ಬೇರೆಬೇರೆ ಫ್ರೀಕ್ವೆನ್ಸಿಗಳನ್ನು ಏರಿಳಿಸುವ ಸಾಧನ) ಚಪ್ಪಟೆಯಾಗಿಟ್ಟು ಫೇಡರ್ ನಿಧಾನವಾಗಿ ಏರಿಸಿ, ಮೊದಲ ಸಿಳ್ಳೆ ಅಥವಾ ಗುಂಯ್ ಹುಟ್ಟುವವರೆಗೆ.
2. ಆ ಫ್ರೀಕ್ವೆನ್ಸಿ ಹುಡುಕಿ ಕಿರಿದಾದ ಬ್ಯಾಂಡಿನಲ್ಲಿ 3 ಡೆಸಿಬೆಲ್ ಕತ್ತರಿಸಿ. ನಿಲ್ಲದಿದ್ದರೆ 6.
3. ಮತ್ತೆ ಏರಿಸಿ, ಮುಂದಿನದನ್ನು ಹಿಡಿಯಿರಿ. ಮೂರು ಅಥವಾ ನಾಲ್ಕು ಸಾಕು.
4. ಕೂಗುವ ಮಟ್ಟದಿಂದ 6 ಡೆಸಿಬೆಲ್ ಇಳಿಸಿ, ಅಲ್ಲೇ ಬಿಡಿ.

ಆರನೆಯದು, ಏಳನೆಯದು ಎಂದು ಕತ್ತರಿಸುತ್ತಾ ಹೋಗುವವರಿದ್ದಾರೆ. ಅಷ್ಟರಲ್ಲಿ ಮ್ಯಾಂಡೊಲಿನ್‌ನ ಚಾಪ್ ಸತ್ತಿರುತ್ತದೆ. ನಾಲ್ಕರಲ್ಲಿ ಮುಗಿಯದಿದ್ದರೆ ತೊಂದರೆ ಈಕ್ವಲೈಜರಿನದಲ್ಲ, ಸ್ಪೀಕರಿನ ಜಾಗದ್ದು.

ಓಡಾಟದ ಕಟ್ಟುಪಾಡು

ನೆಲಕ್ಕೆ ಟೇಪ್ ಅಂಟಿಸಿ ಗುರುತು ಹಾಕಿ. ಬಾಸ್ ಹಿಂದೆ ನಡುವಿನಲ್ಲಿ, ಅದು ಅಲುಗಾಡುವುದಿಲ್ಲ. ಒಳಗೆ ಬರುವವರು ಒಂದು ಪಕ್ಕದಿಂದ, ಹೊರಹೋಗುವವರು ಇನ್ನೊಂದು ಪಕ್ಕಕ್ಕೆ, ಈ ನಿಯಮವನ್ನು ಹಾಡಿನಿಂದ ಹಾಡಿಗೆ ಬದಲಿಸಬೇಡಿ. ಗಿಟಾರ್, ಬ್ಯಾಂಜೊ, ಮ್ಯಾಂಡೊಲಿನ್ ಎಲ್ಲದರ ಕತ್ತು ನುಡಿಸುವವರ ಎಡಕ್ಕೆ ಚಾಚುತ್ತದೆ, ಪಿಟೀಲಿನವರ ಕಮಾನಿನ ಮೊಣಕೈ ಬಲಕ್ಕೆ. ಆದ್ದರಿಂದ ಪಿಟೀಲಿನವರ ಬಲಬದಿಯಲ್ಲಿ ಒಂದು ತೋಳಿನಷ್ಟು ಜಾಗ ಖಾಲಿ ಇರಲಿ.

ಹೊಸ ತಂಡಗಳು ಎಡವುವುದು ತಡವಾಗಿ ಬರುವುದರಲ್ಲಿ. ಸೋಲೋದ ಮೊದಲ ಸ್ವರ ನುಡಿಸುವಾಗ ಇನ್ನೂ ನಡೆಯುತ್ತಿದ್ದರೆ ಅದರ ಮೊದಲ ಎರಡು ಬಾರ್ (ನಾಲ್ಕೆಣಿಕೆಯ ಸುತ್ತು) ಗಾಳಿಗೆ ಹೋಯಿತು. ಗಾಯಕರು ಕೊನೆಯ ಪದ ಹಿಡಿದಿರುವಾಗಲೇ ಸೋಲೋದವರು ಪಕ್ಕಕ್ಕೆ ಬಂದು ನಿಂತಿರಬೇಕು, ಗಾಯಕರು ಪದ ಮುಗಿಸುತ್ತಲೇ ಭುಜ ತಿರುಗಿಸಿ ದಾರಿ ಬಿಡಬೇಕು. ವಾದ್ಯವಿಲ್ಲದೆ, ಬರಿ ಹೆಜ್ಜೆಯ ಅಭ್ಯಾಸ ಒಂದು ಸಲ ಮಾಡಿಸಿ. ನಗುತ್ತಾರೆ, ಆದರೆ ಉಪಯೋಗವಾಗುತ್ತದೆ.

ಹಲವು ಮೈಕ್ ಬೇಕಾದಾಗ

ತೆರೆದಿರುವ ಮೈಕುಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ ಫೀಡ್‌ಬ್ಯಾಕ್‌ಗೆ ಮುಂಚೆ ಸಿಗುವ ಗೇನ್ 3 ಡೆಸಿಬೆಲ್ ಕಡಿಮೆಯಾಗುತ್ತದೆ. ಆದ್ದರಿಂದ ಪಿಕಪ್ಪಿನಲ್ಲಿ ಆಗುವ ಕೆಲಸಕ್ಕೆ ಮೈಕ್ ಇಡಬೇಡಿ. ಇಟ್ಟ ಮೈಕುಗಳ ನಡುವಿನ ಅಂತರ, ಮೈಕಿಗೂ ಅದರ ವಾದ್ಯಕ್ಕೂ ಇರುವ ದೂರದ ಮೂರು ಪಟ್ಟಾದರೂ ಇರಲಿ.

ಗಿಟಾರಿಗೆ ಮೈಕ್ ಇಡುವುದಾದರೆ ನಡುವಿನ ತೂತಿಗೆ ಗುರಿ ಇಡಬೇಡಿ. ಒಡಲಿನೊಳಗಿನ ಗಾಳಿ ಅಲ್ಲಿ ಸುಮಾರು 100 ಹರ್ಟ್ಸ್‌ನಲ್ಲಿ ಗುಂಯ್ ಎನ್ನುತ್ತದೆ. ಕತ್ತು ಒಡಲಿಗೆ ಸೇರುವಲ್ಲಿಗೆ, 20 ಸೆಂ.ಮೀ. ದೂರದಿಂದ ತಿರುಗಿಸಿ. ಪಿಕಪ್ ಆದರೆ ತೂತಿಗೆ ರಬ್ಬರ್ ಮುಚ್ಚಳ ಹಾಕಿ, 100 ಮತ್ತು 200ರ ಆಸುಪಾಸಿನಲ್ಲಿ ಕತ್ತರಿಸಿ. ಬ್ಯಾಂಜೊಗೆ ಎಸ್‌ಎಂ57 ಮೈಕ್, ಚರ್ಮದ ನಡುವಿಗಲ್ಲ, ಅಂಚಿನ ಕಡೆಗೆ, 15 ಸೆಂ.ಮೀ. ದೂರದಲ್ಲಿ. 2ರಿಂದ 4 ಕಿಲೊಹರ್ಟ್ಸ್ ನಡುವೆ ಅದು ಕಿವಿಗೆ ಇರಿಯುತ್ತದೆ, 3 ಡೆಸಿಬೆಲ್ ತಗ್ಗಿಸಿ. ಹಿಂಬದಿಯಲ್ಲಿ ಚರ್ಮಕ್ಕೂ ಒಳಗಿನ ಕಂಬಿಗೂ ನಡುವೆ ಒಂದು ಕಾಲ್ಚೀಲ ಮಡಿಸಿ ತುರುಕುವುದು ಹಳೆಯ ಉಪಾಯ. ಎರಡು ತುರುಕಿದರೆ ಬ್ಯಾಂಜೊ ಮೂಗುಮುಚ್ಚಿದಂತಾಗುತ್ತದೆ. ಪಿಟೀಲು, ಮ್ಯಾಂಡೊಲಿನ್ ಎರಡರದೂ ತಗ್ಗಿನ ತಂತಿ 196 ಹರ್ಟ್ಸ್, ಹಾಗಾಗಿ 150ರಲ್ಲಿ ಹೈಪಾಸ್ ಹಾಕಿದರೆ ಏನೂ ನಷ್ಟವಿಲ್ಲ. ಪಿಟೀಲಿಗೆ ಡಿಪಿಎ 4099ರಂಥ ಕ್ಲಿಪ್ ಮೈಕ್ ಇದ್ದರೆ ನುಡಿಸುವವರು ಕುಣಿಯಬಹುದು.

ಬಾಸ್‌ನ ಪೀಜೊ (ಒತ್ತಡವನ್ನು ವಿದ್ಯುತ್ತಾಗಿಸುವ) ಪಿಕಪ್ಪನ್ನು ನೇರವಾಗಿ ಮಿಕ್ಸರ್‌ನ ಲೈನ್ ಇನ್‌ಪುಟ್ಟಿಗೆ ಚುಚ್ಚಿದರೆ ತಗ್ಗಿನ ಸ್ವರವೆಲ್ಲ ಮಾಯವಾಗಿ ಡಬ್ಬ ಬಡಿದಂತೆ ಕೇಳುತ್ತದೆ. ಪೀಜೊಗೆ ಕನಿಷ್ಠ 1 ಮೆಗಾಓಮ್ ಇನ್‌ಪುಟ್ ಇರುವ ಪ್ರಿಆಂಪ್ ಬೇಕು, 10 ಇದ್ದರೆ ಇನ್ನೂ ಒಳ್ಳೆಯದು. ಒಂದು ಸ್ವರ ಮಾತ್ರ ಬಿಡದೆ ಗುಂಯ್‌ಗುಟ್ಟಿದರೆ ಈಕ್ವಲೈಜರ್ ಮುಟ್ಟುವ ಮುಂಚೆ ಪೊಲಾರಿಟಿ ಗುಂಡಿ (ಸಿಗ್ನಲ್ಲಿನ ಏರಿಳಿತವನ್ನು ತಿರುಗುಮುರುಗು ಮಾಡುವುದು) ಒತ್ತಿ ನೋಡಿ. ಪೊಳ್ಳು ಮರದ ವೇದಿಕೆಯಾದರೆ ಬಾಸ್‌ನ ಕಾಲಿನ ಕೆಳಗೆ ದಪ್ಪ ಫೋಮ್ ಇಡಿ, ಇಲ್ಲದಿದ್ದರೆ ವೇದಿಕೆಯೇ ಎರಡನೇ ಬಾಸ್.

ಕ್ಯಾನ್ಸಾಸ್‌ನ ಸ್ಪ್ಲಿಟ್ ಲಿಪ್ ರೇಫೀಲ್ಡ್ ತಂಡದಲ್ಲಿ ವಾಹನದ ಪೆಟ್ರೋಲ್ ಟ್ಯಾಂಕಿಗೆ ಒಂದೇ ತಂತಿ ಕಟ್ಟಿದ ಬಾಸ್ ಇತ್ತು, ಇಂಡಿಯಾನದ ರೆವರೆಂಡ್ ಪೇಟನ್ಸ್ ಬಿಗ್ ಡ್ಯಾಮ್ ಬ್ಯಾಂಡಿನಲ್ಲಿ ತಾಳಕ್ಕೆ ಉಜ್ಜುವ ವಾಶ್‌ಬೋರ್ಡ್ (ಬಟ್ಟೆ ಒಗೆಯುವ ಗೀರುಹಲಗೆ) ಇದೆ. ಇಂಥವು ಬಂದರೆ ಗಾಬರಿ ಬೇಡ. ತಗಡಿನ ಒಡಲಿಗೆ ಅಂಟಿಸುವ ಕಾಂಟ್ಯಾಕ್ಟ್ ಪಿಕಪ್ ಸಾಕು. ವಾಶ್‌ಬೋರ್ಡಿಗೆ 30 ಸೆಂ.ಮೀ. ದೂರದಲ್ಲಿ ಒಂದು ಡೈನಾಮಿಕ್ ಮೈಕ್ ಇಟ್ಟು ಫೇಡರ್ ಕೆಳಗೇ ಇರಲಿ. ಲೋಹದ ಬೆರಳುಟೋಪಿ ಉಜ್ಜುವ ಸದ್ದು ಪಿಎ ಇಲ್ಲದೆಯೂ ಅರ್ಧ ಹಾಲ್ ತಲುಪುತ್ತದೆ.

ಸೂಟ್‌ಕೇಸ್ ಕಿಕ್

ಆವೆಟ್ ಬ್ರದರ್ಸ್ ನಿಂತು ಹಾಡುತ್ತಲೇ ಕಾಲಲ್ಲಿ ಕಿಕ್ ಡ್ರಮ್ ಒದ್ದು ಹೆಸರಾದವರು. ಸಣ್ಣ ತಂಡಗಳು ಅದೇ ಕೆಲಸಕ್ಕೆ ಹಳೆಯ ಗಟ್ಟಿ ಸೂಟ್‌ಕೇಸ್ ಬಳಸುತ್ತವೆ. ಅಂಚು ದಪ್ಪವಾದ್ದರಿಂದ ಡ್ರಮ್ ಪೆಡಲ್‌ನ ಕ್ಲ್ಯಾಂಪ್ ಅದನ್ನು ಕಚ್ಚುವುದಿಲ್ಲ. 12 ಮಿ.ಮೀ. ಪ್ಲೈವುಡ್ಡಿನ ಒಂದು ತುಂಡನ್ನು, ಸುಮಾರು 15 ಸೆಂ.ಮೀ. ಅಗಲದ್ದು, ತಳಕ್ಕೆ ಬೋಲ್ಟ್ ಹಾಕಿ ಮುಂದಕ್ಕೆ ನಾಲ್ಕೈದು ಸೆಂ.ಮೀ. ಚಾಚಿಸಿ, ಪೆಡಲ್ ಅದನ್ನು ಕಚ್ಚುತ್ತದೆ. ಏಟು ಬೀಳುವ ಜಾಗಕ್ಕೆ ಒಳಗೂ ಹೊರಗೂ ಗಟ್ಟಿ ಬಟ್ಟೆಟೇಪ್ ಅಂಟಿಸಿ, ಬೀಟರ್ ಮೆತ್ತನೆಯದಾಗಿರಲಿ. ಮರದ ಬೀಟರ್ ಆದರೆ ಕೆಲವೇ ಪ್ರದರ್ಶನಗಳಲ್ಲಿ ತೂತು ಬೀಳುತ್ತದೆ. ಒಳಗೆ ಒಂದು ಟವೆಲ್, ಮುಂದಕ್ಕೆ ಜಾರದಿರಲು ಒಂದು ಇಟ್ಟಿಗೆ, ಕೆಳಗೆ ರತ್ನಗಂಬಳಿಯ ತುಂಡು. ಚಪ್ಪಟೆ ಬೌಂಡರಿ ಮೈಕನ್ನು (ಮಟ್ಟಸ ಜಾಗದ ಮೇಲೆ ಮಲಗಿಸಿಡುವ ಮೈಕ್) ಟವೆಲ್ ಮೇಲೆ ಮಲಗಿಸಿ ಮುಚ್ಚಿಬಿಡಿ. 80 ಹರ್ಟ್ಸ್ ಸುತ್ತ ಸ್ವಲ್ಪ ಏರಿಸಿ, ಡಬ್ಬದ ಸದ್ದು ಕೂರುವ 300–400ರಲ್ಲಿ ತಗ್ಗಿಸಿ.

ಹಾಡುಗಳ ಸಾಲು

ಹಾಡುಗಳ ನಡುವೆ ಎರಡು ನಿಮಿಷ ಶ್ರುತಿ ಮಾಡುತ್ತಾ ನಿಂತರೆ ಕಟ್ಟಿದ ಬಿಸಿ ಇಳಿದುಹೋಗುತ್ತದೆ. ಸೆಟ್‌ಲಿಸ್ಟನ್ನು ‘ಕೀ’ಗೆ (ಹಾಡಿನ ಆಧಾರ ಸ್ವರಕ್ಕೆ) ತಕ್ಕಂತೆ ಗುಂಪು ಮಾಡಿ: ಮೊದಲು ಜಿ, ಆಮೇಲೆ ಎ, ಬಿ. ಬ್ಯಾಂಜೊದ ಐದನೇ ತಂತಿ ಶುರುವಾಗುವುದೇ ಐದನೇ ಫ್ರೆಟ್ಟಿನಲ್ಲಿ. ಎರಡನೇ ಫ್ರೆಟ್ಟಿಗೆ ಕಾಪೊ (ತಂತಿಗಳನ್ನು ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್) ಹಾಕಿದರೆ ಅದನ್ನು ಏಳನೆಯದಕ್ಕೆ, ನಾಲ್ಕಕ್ಕೆ ಹಾಕಿದರೆ ಒಂಬತ್ತಕ್ಕೆ ಸಣ್ಣ ಮೊಳೆಯ ಕೆಳಗೆ ಸಿಕ್ಕಿಸಬೇಕು. ಕಾಪೊ ಒತ್ತಿದಾಗ ತಂತಿ ಎಳೆದು ಸ್ವರ ತುಸು ಏರುವುದರಿಂದ ಶ್ರುತಿ ನೋಡುವುದು ಕಾಪೊ ಹಾಕಿದ ಮೇಲೆ. ಪಿಟೀಲಿನವರು ನಾಲ್ಕು ತಂತಿಗಳನ್ನು ಎ, ಇ, ಎ, ಇ ಸ್ವರಗಳಿಗೆ ಹೊಂದಿಸುವಂಥ ಬೇರೆ ಶ್ರುತಿಯ ಹಾಡು ಇಟ್ಟುಕೊಂಡಿದ್ದರೆ ಎರಡನೇ ಪಿಟೀಲು ತರಲಿ, ಅಥವಾ ಆ ಹಾಡು ವಿರಾಮದ ನಂತರ ಮೊದಲನೆಯದಾಗಲಿ. ಟ್ಯೂನರ್ ಕತ್ತಿಗೆ ಕಚ್ಚುವಂಥದ್ದೇ ಇರಲಿ, ಅದು ಮರದ ಕಂಪನ ಓದುವುದರಿಂದ ಗದ್ದಲದಲ್ಲೂ ನಡೆಯುತ್ತದೆ.

ಕೊಲರಾಡೊದ ಟೆಲ್ಯುರೈಡ್‌ನಂಥ ಬಯಲು ಉತ್ಸವದಲ್ಲಿ ಜೂನ್ ಬಿಸಿಲು ನೇರ ವಾದ್ಯದ ಮೇಲೆ ಬೀಳುತ್ತದೆ. ಕಾದ ಉಕ್ಕಿನ ತಂತಿ ಹಿಗ್ಗಿ ಸ್ವರ ಇಳಿಯುತ್ತದೆ. ನೆರಳಲ್ಲಿ ಶ್ರುತಿ ಮಾಡಿ ಬಿಸಿಲಿಗೆ ಬರುವ ಬದಲು ಹತ್ತು ನಿಮಿಷ ಮುಂಚೆ ವಾದ್ಯವನ್ನು ವೇದಿಕೆಯ ಹವೆಗೆ ಒಡ್ಡಿ, ಆಮೇಲೆ ಶ್ರುತಿ ಮಾಡಿ. ವೇದಿಕೆಯ ಪಕ್ಕದ ಪೆಟ್ಟಿಗೆಯಲ್ಲಿ ಪ್ರತಿ ವಾದ್ಯಕ್ಕೂ ಒಂದು ಪೂರ್ತಿ ತಂತಿ ಸೆಟ್, ಮೇಲಿನ ತೆಳು ತಂತಿ ಬಿಡಿಯಾಗಿ ಮೂರು, ಪ್ರಿಆಂಪಿಗೆ 9 ವೋಲ್ಟ್ ಬ್ಯಾಟರಿ ಎರಡು, ತಂತಿ ಕತ್ತರಿಸುವ ಇಕ್ಕಳ ಇರಲಿ. ಬ್ಯಾಂಜೊ ತಂತಿಗಳಲ್ಲಿ ಹೆಚ್ಚಿನವಕ್ಕೆ ತುದಿಯಲ್ಲಿ ಕುಣಿಕೆ ಇರುತ್ತದೆ, ಗಿಟಾರಿನವಕ್ಕೆ ಗುಂಡು. ಕತ್ತಲಲ್ಲಿ ಒಂದರ ಬದಲು ಇನ್ನೊಂದು ಕೈಗೆ ಸಿಗದಂತೆ ಲಕೋಟೆಗಳ ಮೇಲೆ ದಪ್ಪಕ್ಷರದಲ್ಲಿ ವಾದ್ಯದ ಹೆಸರು ಬರೆದಿಡಿ.