ಬಿಸಿಜಿ ಹಾಕಿಸಿಕೊಂಡವರ ಟಿಬಿ ಟೆಸ್ಟ್: ನರ್ಸಿಂಗ್ ಫಾರಂ ಪಾಸಾಗಿದ್ದು ಹೀಗೆ

ಅಮೆರಿಕದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಆರೋಗ್ಯದ ಫಾರಂ ಮಾತ್ರ ಎರಡು ಸಲ ವಾಪಸ್ ಬಂತು. ಮುಂಗೈಗೆ ಚುಚ್ಚಿದ ಟಿಬಿ ಟೆಸ್ಟ್‌ನಲ್ಲಿ 48 ಗಂಟೆಗೆ 12 ಮಿಲಿಮೀಟರ್ ಗಟ್ಟಿ ಊತ. ಅಂದರೆ ಪಾಸಿಟಿವ್.

ಟಿಬಿ ತಡೆಯಲು ಹಾಕುವ ಬಿಸಿಜಿ ಲಸಿಕೆಯಿಂದಲೂ ಈ ಟೆಸ್ಟ್ ಪಾಸಿಟಿವ್ ಬರಬಹುದು. ಅದಕ್ಕೆ ತೋಳಿನ ಬಿಸಿಜಿ ಕಲೆ ತೋರಿಸಿದೆ, ಒಪ್ಪಲಿಲ್ಲ. ಊರಿನಿಂದ ಲಸಿಕೆ ಕಾರ್ಡ್ ತರಿಸಿದೆ, ಅದೂ ನಡೆಯಲಿಲ್ಲ. ಇನ್ನೊಮ್ಮೆ ಚುಚ್ಚಿಸಿಕೊಂಡಿದ್ದು ಸುಮ್ನೆ ದಂಡ. ಎಕ್ಸ್‌ರೇ ಕ್ಲಿಯರ್ ಬಂತು, ಆದರೆ ಒಳಗೆ ಅಡಗಿ ಕೂತ ಸೋಂಕು ಅದರಲ್ಲಿ ಕಾಣಲ್ಲ ಅಲ್ವಾ?

ಕೆಲಸ ಆಗಿದ್ದು ಇಗ್ರಾ ಎಂಬ ರಕ್ತದ ಟೆಸ್ಟ್‌ನಿಂದ. ಕ್ವಾಂಟಿಫೆರಾನ್ ಅಂತ ಕೇಳಿದರೂ ಗೊತ್ತಾಗುತ್ತದೆ. ಇದರಲ್ಲಿ ಬಳಸುವ ಟಿಬಿ ರೋಗಾಣುವಿನ ಪ್ರೋಟೀನ್‌ಗಳು ಬಿಸಿಜಿಯಲ್ಲಿ ಇಲ್ಲ. ಹಾಗಾಗಿ ಹಳೇ ಲಸಿಕೆಯಿಂದ ಸುಳ್ಳು ಪಾಸಿಟಿವ್ ಬರುವುದಿಲ್ಲ. ನನಗೆ ನೆಗೆಟಿವ್ ಬಂತು.

ಆದರೆ ಕ್ರಮ ಮುಖ್ಯ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ತಡೆಯುವುದು), ಚಿಕನ್‌ಪಾಕ್ಸ್ ಲಸಿಕೆಗಳೂ ಬಾಕಿ ಇದ್ದವು. ಎರಡೂ ಜೀವಂತ ವೈರಸ್ ಲಸಿಕೆ, ಟಿಬಿ ಫಲಿತಾಂಶವನ್ನು ಕೆಲವು ವಾರ ಮಂಕು ಮಾಡಬಹುದು. ಅದಕ್ಕೇ ಮೊದಲು ರಕ್ತ ಕೊಟ್ಟೆ, ಅದೇ ದಿನ ಎರಡೂ ಲಸಿಕೆ ಹಾಕಿಸಿಕೊಂಡೆ. ಲಸಿಕೆ ಮೊದಲೇ ಆಗಿದ್ದರೆ ರಕ್ತಕ್ಕೆ ಕನಿಷ್ಠ 4 ವಾರ ಕಾಯಬೇಕು. ಎರಡನೇ ಡೋಸ್‌ಗಳನ್ನು 28 ದಿನ ದಾಟಿದ ಮೇಲೆ ಹಾಕಿಸಿದೆ.

ಕೊನೆಗೆ ಅಪ್‌ಲೋಡ್ ಮಾಡಿದ್ದು ಕ್ಲಿನಿಕ್‌ನ ಚೀಟಿಯಲ್ಲ, ಹೆಸರು ಮತ್ತು ತಾರೀಖು ಇರುವ ಲ್ಯಾಬ್ ರಿಪೋರ್ಟ್.