ಪರದೇಶದ ಬಂಡುಕೋರರಿಗೆ ಆಯುಧ ಕೊಡಬೇಕೇ? ಸಿರಿಯಾ ಚರ್ಚೆಗೆ ತಯಾರಾಗುವ ಬಗೆ

‘ಸಿರಿಯಾದ ಬಂಡುಕೋರರಿಗೆ ಅಮೆರಿಕ ಆಯುಧ ಕೊಟ್ಟಿದ್ದು ಸರಿಯೇ?’ ಈ ವಿಷಯ ಚರ್ಚಾಸ್ಪರ್ಧೆಗೆ ಬಂದಾಗ ಎರಡೂ ತಂಡಗಳು ಎಡವುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಸಿರಿಯಾವನ್ನು ಆಳುತ್ತಿದ್ದ ಬಶರ್ ಅಲ್-ಅಸ್ಸಾದ್ ಎಂಥ ಕ್ರೂರಿ ಎಂದು ವಿವರಿಸುವುದರಲ್ಲೇ ಪರ ತಂಡದ ಸಮಯ ಮುಗಿಯುತ್ತದೆ. ಕೊಟ್ಟ ಆಯುಧ ಉಗ್ರರ ಪಾಲಾಗುತ್ತದೆ ಎಂದು ಮತ್ತೆ ಮತ್ತೆ ಹೇಳುವುದರಲ್ಲಿ ವಿರೋಧ ತಂಡದ ಸಮಯ ಮುಗಿಯುತ್ತದೆ. ಎರಡೂ ನಿಜವೇ. ಆದರೆ ಅಷ್ಟರಿಂದ ಏನೂ ಇತ್ಯರ್ಥವಾಗುವುದಿಲ್ಲ. ಯಾವ ಆಯುಧ, ಯಾರ ಕೈಗೆ, ಯಾರ ಮೂಲಕ, ಏನು ಸಾಧಿಸಲು, ಯಾವಾಗ ನಿಲ್ಲಿಸುವುದು ಎಂಬ ಐದು ಪ್ರಶ್ನೆಗಳಿಗೆ ಖಚಿತ ಉತ್ತರ ಇಟ್ಟುಕೊಂಡು ವೇದಿಕೆ ಹತ್ತಿದ ತಂಡವೇ ಗೆಲ್ಲುತ್ತದೆ, ಗೆಲ್ಲಲೂ ಬೇಕು. ಲಕ್ಷಾಂತರ ಜನರ ಜೀವ ತೆಗೆದ ಯುದ್ಧದ ಬಗ್ಗೆ ಬರೀ ಆವೇಶದಿಂದ ಮಾತಾಡುವುದು ಸತ್ತವರಿಗೆ ಮಾಡುವ ಅನ್ಯಾಯ.

ಮೊದಲು ವಿಷಯವನ್ನು ಕಟ್ಟಿಹಾಕಿ

ಒಂದು ಹಾಳೆ ತೆಗೆದುಕೊಂಡು ಮೇಲಿನ ಐದು ಪ್ರಶ್ನೆಗಳನ್ನು ಎಡಕ್ಕೆ ಬರೆಯಿರಿ, ಬಲಕ್ಕೆ ನಿಮ್ಮ ಉತ್ತರ. ‘ಆಯುಧ’ ಎಂದು ಮಾತ್ರ ಬರೆದರೆ ಆ ಸಾಲು ಖಾಲಿ ಬಿಟ್ಟಂತೆಯೇ. ರೈಫಲ್ ಮತ್ತು ಗುಂಡುಗಳು, ಟ್ಯಾಂಕ್ ನಿರೋಧಕ ಕ್ಷಿಪಣಿ, ಹೆಗಲ ಮೇಲಿಟ್ಟು ಹಾರಿಸುವ ವಿಮಾನ ನಿರೋಧಕ ಕ್ಷಿಪಣಿ, ತರಬೇತಿ, ಸಂಬಳದ ಹಣ, ರೇಡಿಯೋ ಮತ್ತು ವಾಹನ: ಇವು ಒಂದೊಂದೂ ಬೇರೆ ಬೇರೆ ನೀತಿ. ಅಮೆರಿಕ ಸಿರಿಯಾದ ಕೆಲವು ಗುಂಪುಗಳಿಗೆ 2014ರಿಂದ ಟೋ ಎಂಬ ಟ್ಯಾಂಕ್ ನಿರೋಧಕ ಕ್ಷಿಪಣಿ ಸಿಗುವಂತೆ ಮಾಡಿತು. ವಿಮಾನ ನಿರೋಧಕ ಕ್ಷಿಪಣಿಯನ್ನು ಮಾತ್ರ ಕಡೆಯವರೆಗೂ ಕೊಡಲಿಲ್ಲ. ಈ ವ್ಯತ್ಯಾಸ ನೆನಪಿಡಿ, ಮುಂದೆ ಪರ ತಂಡದ ಒಂದು ಮುಖ್ಯ ವಾದ ನಿಲ್ಲುವುದೂ ಬೀಳುವುದೂ ಇದರ ಮೇಲೆ.

ಆಮೇಲೆ ವರ್ಷ. 2012ರ ಚರ್ಚೆಯೇ ಬೇರೆ, 2014ರದ್ದೇ ಬೇರೆ. 2012ರ ಬೇಸಿಗೆಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಮುಖ್ಯಸ್ಥರಾಗಿದ್ದ ಡೇವಿಡ್ ಪೆಟ್ರೇಯಸ್ ಬಂಡುಕೋರರನ್ನು ಸಜ್ಜುಗೊಳಿಸುವ ಯೋಜನೆ ಮುಂದಿಟ್ಟರು. ವಿದೇಶಾಂಗ ಸಚಿವೆ ಹಿಲರಿ ಕ್ಲಿಂಟನ್ ಮತ್ತು ರಕ್ಷಣಾ ಸಚಿವ ಲಿಯಾನ್ ಪನೆಟ್ಟಾ ಬೆಂಬಲಿಸಿದರು, ಅಧ್ಯಕ್ಷ ಒಬಾಮ ಒಪ್ಪಲಿಲ್ಲ. ಆಗ ಐಸಿಸ್ ಸಿರಿಯಾದಲ್ಲಿ ನೆಲ ಹಿಡಿದಿರಲಿಲ್ಲ. 2014ರ ಜೂನ್‌ನಲ್ಲಿ ಇರಾಕಿನ ಮೊಸುಲ್ ಐಸಿಸ್ ವಶವಾದ ಮೇಲೆ ಅಮೆರಿಕದ ಮುಖ್ಯ ಶತ್ರುವೇ ಬದಲಾಯಿತು. ನೀವು ಯಾವ ದಿನದಂದು ನಿಂತು ವಾದಿಸುತ್ತಿದ್ದೀರಿ ಎಂದು ಮೊದಲ ನಿಮಿಷದಲ್ಲೇ ಹೇಳದಿದ್ದರೆ ಎದುರಾಳಿಗಳು ತಮಗೆ ಬೇಕಾದ ವರ್ಷವನ್ನು ಆರಿಸಿಕೊಳ್ಳುತ್ತಾರೆ.

ಎರಡು ಯೋಜನೆಗಳನ್ನು ಬೆರೆಸಬೇಡಿ

ಅತಿ ಹೆಚ್ಚು ತಂಡಗಳು ತಪ್ಪುವುದು ಇಲ್ಲಿ. ಅಮೆರಿಕದ್ದು ಒಂದೇ ಯೋಜನೆಯಾಗಿರಲಿಲ್ಲ.

ಒಂದು ಸಿಐಎ ಯೋಜನೆ, 2013ರಲ್ಲಿ ಶುರುವಾದದ್ದು. ಟಿಂಬರ್ ಸಿಕಮೋರ್ ಅದರ ಗುಪ್ತನಾಮ. ಗುರಿ ಅಸ್ಸಾದ್ ಸೇನೆ. ಸೌದಿ ಅರೇಬಿಯಾದ ಹಣ ಅದರಲ್ಲಿತ್ತು. ಜೋರ್ಡಾನ್ ಮತ್ತು ಟರ್ಕಿಯ ಕಾರ್ಯಾಚರಣೆ ಕೊಠಡಿಗಳಲ್ಲಿ ಹಲವು ದೇಶಗಳ ಅಧಿಕಾರಿಗಳು ಕೂತು, ಪರಿಶೀಲಿಸಿ ಒಪ್ಪಿದ ಗುಂಪುಗಳಿಗೆ ಹಂಚುತ್ತಿದ್ದರು. ಒಟ್ಟು ವೆಚ್ಚ 100 ಕೋಟಿ ಡಾಲರ್ ಮೀರಿತು. ಅದನ್ನು ಟ್ರಂಪ್ ನಿಲ್ಲಿಸಿದ್ದು 2017ರಲ್ಲಿ ಬೆಳಕಿಗೆ ಬಂತು.

ಇನ್ನೊಂದು ಪೆಂಟಗನ್, ಅಂದರೆ ಅಮೆರಿಕದ ರಕ್ಷಣಾ ಇಲಾಖೆಯ ಯೋಜನೆ. 2014ರ ಸೆಪ್ಟೆಂಬರ್ 17ರಂದು ಅಮೆರಿಕದ ಕೆಳಮನೆ 273–156 ಮತಗಳಿಂದ ಇದಕ್ಕೆ ಅನುಮತಿ ಕೊಟ್ಟಿತು. 50 ಕೋಟಿ ಡಾಲರ್ ಎತ್ತಿಟ್ಟರು. ಮೊದಲ ವರ್ಷ 5,000ಕ್ಕೂ ಹೆಚ್ಚು ಜನರನ್ನು ತಯಾರು ಮಾಡುವುದು ಗುರಿ. ಇವರು ಹೋರಾಡಬೇಕಾದದ್ದು ಐಸಿಸ್ ವಿರುದ್ಧ, ಅಸ್ಸಾದ್ ವಿರುದ್ಧವಲ್ಲ. ಯೋಜನೆ ಕುಸಿದದ್ದೇ ಈ ಕಾರಣಕ್ಕೆ. ಊರಿಗೆ ಬಾಂಬ್ ಹಾಕುತ್ತಿರುವ ಸರ್ಕಾರವನ್ನು ಬಿಟ್ಟು ಬೇರೆಯವರ ಮೇಲೆ ಗುಂಡು ಹಾರಿಸುತ್ತೇನೆಂದು ಒಪ್ಪುವ ಯೋಧರು ಬೇಕಷ್ಟು ಸಿಗಲಿಲ್ಲ. 2015ರ ಸೆಪ್ಟೆಂಬರ್ 16ರಂದು ಮಧ್ಯಪ್ರಾಚ್ಯದ ಅಮೆರಿಕ ಪಡೆಗಳ ಮುಖ್ಯಸ್ಥ ಜನರಲ್ ಲಾಯ್ಡ್ ಆಸ್ಟಿನ್ ಸೆನೆಟ್ ಸಮಿತಿಯ ಮುಂದೆ, ತರಬೇತಿ ಪಡೆದವರಲ್ಲಿ ಹೋರಾಟದಲ್ಲಿ ಇರುವವರು ನಾಲ್ಕೋ ಐದೋ ಜನ ಎಂದು ಒಪ್ಪಿಕೊಂಡರು. ಅದೇ ತಿಂಗಳು ಆ ಯೋಜನೆಯ ಒಂದು ಗುಂಪು, ದಾರಿ ಬಿಡಲಿ ಎಂದು ಆರು ಪಿಕಪ್ ವಾಹನಗಳನ್ನೂ ಒಂದಷ್ಟು ಮದ್ದುಗುಂಡನ್ನೂ ಅಲ್-ಖೈದಾದ ಸಿರಿಯಾ ಶಾಖೆಯಾದ ನುಸ್ರಾ ಫ್ರಂಟ್‌ಗೆ ಒಪ್ಪಿಸಿತು.

‘ನಾಲ್ಕೋ ಐದೋ ಜನ’ ಎಂಬ ಮಾತನ್ನು ಸಿಐಎ ಯೋಜನೆಯ ಮೇಲೆ ಹೇರುವ ವಿರೋಧ ವಾದಿಯನ್ನು ಪರ ತಂಡ ಒಂದೇ ವಾಕ್ಯದಲ್ಲಿ ಕೂರಿಸಬಹುದು. ಇನ್ನೊಂದು ಗೊಂದಲವೂ ಇದೆ. 2013ರ ಆಗಸ್ಟ್ 29ರಂದು ಬ್ರಿಟಿಷ್ ಸಂಸತ್ತು 285–272ರಿಂದ ತಿರಸ್ಕರಿಸಿದ್ದು ನೇರ ಸೇನಾ ಕ್ರಮದ ಗೊತ್ತುವಳಿಯನ್ನು. ಅದು ಬಂಡುಕೋರರಿಗೆ ಆಯುಧ ಕೊಡುವ ಬಗೆಗಿನ ಮತದಾನವಲ್ಲ.

ಪರ ತಂಡಕ್ಕೆ

ನಿಮ್ಮ ಗಟ್ಟಿ ವಾದ ‘ಅಸ್ಸಾದ್ ಕೆಟ್ಟವನು’ ಅಲ್ಲ. ‘ನಾವು ಕೊಡದಿದ್ದರೂ ಆಯುಧ ಹೋಗುತ್ತಿದೆ’ ಎಂಬುದು. ಕತಾರ್, ಸೌದಿ, ಟರ್ಕಿಗಳ ದಾರಿಯಿಂದ ಆಯುಧ, ಹಣ ಆಗಲೇ ಹರಿಯುತ್ತಿದ್ದವು. ಅಸ್ಸಾದ್‌ಗೆ ರಷ್ಯಾ, ಇರಾನ್ ಮತ್ತು ಲೆಬನಾನ್‌ನ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾ ಇದ್ದರು. ಗುಂಡು ಮತ್ತು ಸಂಬಳ ಯಾರ ಹತ್ತಿರ ಇದೆಯೋ ಯುವಕರು ಅವರ ಗುಂಪು ಸೇರುತ್ತಾರೆ. ಹಾಗಾಗಿ ಸೌಮ್ಯ ಗುಂಪಿಗೆ ಕೊಡದೇ ಇರುವುದೂ ಒಂದು ಆಯ್ಕೆ, ಅದರ ಲಾಭ ನುಸ್ರಾದಂಥವರಿಗೆ. ಈ ವಾದವನ್ನು 2012ಕ್ಕೆ ಕಟ್ಟಿದರೆ ಬಲ, 2015ಕ್ಕೆ ಕಟ್ಟಿದರೆ ಸಡಿಲ.

ಎರಡನೆಯದು ಸಂಧಾನದ ವಾದ. 2012ರ ಜೂನ್ 30ರ ಜಿನೀವಾ ಹೇಳಿಕೆ ಮಧ್ಯಂತರ ಆಡಳಿತದ ಮಾತಾಡಿತ್ತು, ಆದರೆ ಗೆಲ್ಲುತ್ತೇನೆಂದು ನಂಬಿದ ಸರ್ಕಾರ ಮೇಜಿಗೆ ಬರುವುದಿಲ್ಲ, ಅದಕ್ಕೇ ರಣರಂಗದಲ್ಲಿ ಸಮಬಲ ಬೇಕು ಎನ್ನುವುದು. ಇದನ್ನು ಹೇಳುವಾಗ ಎಚ್ಚರ. 2015ರ ಮಾರ್ಚ್ ಕೊನೆಯಲ್ಲಿ ಇದ್ಲಿಬ್ ನಗರ ಬಂಡುಕೋರರ ವಶವಾಯಿತು, ಆ ವಸಂತದಲ್ಲಿ ಟೋ ಕ್ಷಿಪಣಿಗಳು ಅಸ್ಸಾದ್‌ನ ಟ್ಯಾಂಕ್‌ಗಳನ್ನು ಚೆನ್ನಾಗಿಯೇ ಕಾಡಿದವು. ಅಸ್ಸಾದ್ ಮೇಜಿಗೆ ಬಂದನೇ? ಇಲ್ಲ. ಸೆಪ್ಟೆಂಬರ್ 30ರಂದು ರಷ್ಯಾದ ವಿಮಾನಗಳು ಬಂದವು. ವಿರೋಧ ತಂಡ ಇದನ್ನು ಎತ್ತುವ ಮೊದಲೇ ನೀವೇ ಎತ್ತಿ ಉತ್ತರಿಸಿ.

ಮೂರನೆಯದು ನಾಗರಿಕರ ರಕ್ಷಣೆ. ಅತ್ಯಂತ ಮನ ಕಲಕುವ ವಾದ ಇದು, ಅತ್ಯಂತ ಸುಲಭವಾಗಿ ಮುರಿಯುವುದೂ ಇದೇ. ಅಲೆಪ್ಪೊದ ಮನೆಗಳ ಮೇಲೆ ಬಿದ್ದ ಪೀಪಾಯಿ ಬಾಂಬ್‌ಗಳನ್ನು ಹೆಲಿಕಾಪ್ಟರ್‌ನಿಂದ ಹಾಕುತ್ತಿದ್ದರು. ಸುಮಾರು 3.75 ಕಿ.ಮೀ. ದೂರದ ಟ್ಯಾಂಕ್ ಹೊಡೆಯುವ ಕ್ಷಿಪಣಿ ಆಕಾಶದಿಂದ ಬೀಳುವುದನ್ನು ತಡೆಯಲಾರದು. ಆದ್ದರಿಂದ ಒಂದೋ ನೀವು ವಿಮಾನ ನಿರೋಧಕ ಕ್ಷಿಪಣಿಯನ್ನೂ ಕೊಡಬೇಕೆಂದು ಒಪ್ಪಿ ಪ್ರಯಾಣಿಕ ವಿಮಾನಗಳಿಗೆ ಅದರಿಂದ ಬರುವ ಅಪಾಯಕ್ಕೆ ಉತ್ತರಿಸಬೇಕು, ಇಲ್ಲವೇ ಈ ವಾದವನ್ನೇ ಬಿಡಬೇಕು. ನಮ್ಮ ಸಲಹೆ: ಬಿಡಿ.

ನಿಮ್ಮ ಯೋಜನೆಯಲ್ಲಿ ನಿಯಂತ್ರಣದ ಸಾಲು ಇರಲೇಬೇಕು. ಸಿರಿಯಾದಲ್ಲಿ ನಡೆದ ಕ್ರಮವನ್ನೇ ಹೇಳಿ: ಹಾರಿಸಿದ ಪ್ರತಿ ಟೋ ಕ್ಷಿಪಣಿಯ ವಿಡಿಯೋ ತೋರಿಸಿ, ಖಾಲಿ ಕೊಳವೆ ಹಿಂದಿರುಗಿಸಿದರೆ ಮಾತ್ರ ಮುಂದಿನ ಕಂತು. ಇದು ಎಣಿಸಬಹುದಾದ ದುಬಾರಿ ಆಯುಧಕ್ಕೆ ಹೊಂದುತ್ತದೆ. ರೈಫಲ್ ಗುಂಡಿಗೆ ಹೊಂದುವುದಿಲ್ಲ.

ವಿರೋಧ ತಂಡಕ್ಕೆ

‘ಸೋರಿಕೆ’ ಎಂಬ ಪದ ಸಾಲದು, ಹೇಗೆ ಸೋರಿತು ಎಂದು ಹೇಳಬೇಕು. ಸಿರಿಯಾದಲ್ಲಿ ಕನಿಷ್ಠ ನಾಲ್ಕು ದಾರಿಗಳು ಕಾಣುತ್ತವೆ. ಗುಂಪೇ ಸೋತು ಉಗ್ರಾಣ ಕೈಬಿಡುವುದು: ಟೋ ಪಡೆದ ಮೊದಲ ಗುಂಪುಗಳಲ್ಲಿ ಒಂದಾದ ಹಜ್ಮ್ ಚಳವಳಿ ನುಸ್ರಾದ ದಾಳಿಗೆ ಸಿಕ್ಕಿ 2015ರ ಮಾರ್ಚ್ 1ರಂದು ವಿಸರ್ಜನೆಗೊಂಡಿತು. ದಾರಿ ಸುಂಕವಾಗಿ ಕೊಡುವುದು: ಆರು ವಾಹನಗಳ ಪ್ರಕರಣ ಮೇಲೆ ಬಂದಿದೆ. ಮಧ್ಯದಲ್ಲೇ ಕಳವು: ಜೋರ್ಡಾನ್‌ನ ಗುಪ್ತಚರ ಸಿಬ್ಬಂದಿ ಕೆಲವರು ಈ ಆಯುಧಗಳನ್ನು ಕದ್ದು ಕಾಳಸಂತೆಯಲ್ಲಿ ಮಾರಿದ್ದು 2016ರಲ್ಲಿ ಪತ್ರಿಕೆಗಳಲ್ಲಿ ವರದಿಯಾಯಿತು. ಮರುವರ್ಗಾವಣೆ: ಪೂರ್ವ ಯುರೋಪಿನ ಕಾರ್ಖಾನೆಯಿಂದ ಅಮೆರಿಕ ಕೊಂಡ ಟ್ಯಾಂಕ್ ನಿರೋಧಕ ಅಸ್ತ್ರವೊಂದು ಎರಡೇ ತಿಂಗಳಲ್ಲಿ ಐಸಿಸ್ ಕೈಯಲ್ಲಿ ಇದ್ದುದನ್ನು ಯುದ್ಧದ ಆಯುಧಗಳ ಜಾಡು ಹಿಡಿಯುವ ಕಾನ್‌ಫ್ಲಿಕ್ಟ್ ಆರ್ಮಮೆಂಟ್ ರಿಸರ್ಚ್ ಸಂಸ್ಥೆ 2017ರ ಡಿಸೆಂಬರ್‌ನ ವರದಿಯಲ್ಲಿ ದಾಖಲಿಸಿತು. ನಾಲ್ಕೂ ಹೇಳಲು ಹೋಗಬೇಡಿ. ಎರಡನ್ನು ಆರಿಸಿ, ನಿಧಾನವಾಗಿ ಬಿಡಿಸಿ ಹೇಳಿ.

ಇದಕ್ಕಿಂತ ಆಳವಾದ ವಾದ ಒಬಾಮ ಆಡಳಿತದ್ದೇ. ಹಿಂದೆ ಬಂಡುಕೋರರಿಗೆ ಆಯುಧ ಕೊಟ್ಟ ಪ್ರಕರಣಗಳನ್ನು ಪರಿಶೀಲಿಸಿದ ಸಿಐಎಯ ಆಂತರಿಕ ಅಧ್ಯಯನವೊಂದು, ಅಂಥ ನೆರವು ಯುದ್ಧದ ಫಲಿತಾಂಶವನ್ನು ಬದಲಿಸಿದ್ದು ಅಪರೂಪ ಎಂದು ಕಂಡುಕೊಂಡಿತ್ತು. ನೆರವು ಕೊಟ್ಟವರ ಕಡೆಯವರು ರಣರಂಗದಲ್ಲಿ ಜೊತೆಗಿಲ್ಲದಿದ್ದರಂತೂ ಇನ್ನೂ ಕಡಿಮೆ. 1980ರ ದಶಕದಲ್ಲಿ ಸೋವಿಯತ್ ಸೇನೆಯ ವಿರುದ್ಧ ನಡೆದ ಅಫ್ಗಾನಿಸ್ತಾನದ ಯುದ್ಧ ಅಪವಾದ, ಅಲ್ಲಿ ಪಾಕಿಸ್ತಾನದ ಐಎಸ್‌ಐ ಬಂಡುಕೋರರ ಜೊತೆ ಇತ್ತು. ಆದರೆ ಅದಕ್ಕೆ ತೆತ್ತ ಬೆಲೆಯೂ ಅಲ್ಲೇ ಇದೆ: ಯಾರಿಗೆ ಎಷ್ಟು ಎಂದು ಹಂಚುತ್ತಿದ್ದುದು ಐಎಸ್‌ಐ, ದೊಡ್ಡ ಪಾಲು ಹೋದದ್ದು ಅಮೆರಿಕವನ್ನೇ ದ್ವೇಷಿಸುತ್ತಿದ್ದ ಬಂಡುಕೋರ ನಾಯಕ ಗುಲ್ಬುದ್ದೀನ್ ಹಿಕ್ಮತ್ಯಾರ್‌ಗೆ. 1986ರಿಂದ ಕೊಟ್ಟ 2,000ಕ್ಕೂ ಹೆಚ್ಚು ಸ್ಟಿಂಗರ್ ಎಂಬ ವಿಮಾನ ನಿರೋಧಕ ಕ್ಷಿಪಣಿಗಳಲ್ಲಿ ಉಳಿದವನ್ನು 1990ರ ದಶಕದಲ್ಲಿ ಅಮೆರಿಕವೇ ದುಡ್ಡು ಕೊಟ್ಟು ಮರಳಿ ಕೊಳ್ಳಲು ಅಲೆಯಬೇಕಾಯಿತು.

ವಿರೋಧ ತಂಡದ ದೊಡ್ಡ ದೌರ್ಬಲ್ಯ ಒಂದೇ: ‘ಹಾಗಾದರೆ ಏನು ಮಾಡಬೇಕಿತ್ತು?’ ಎಂಬ ಪ್ರಶ್ನೆಗೆ ಮೌನ. ದೇಶ ಬಿಟ್ಟ ನಿರಾಶ್ರಿತರೇ 50 ಲಕ್ಷ ದಾಟಿದ್ದರು. ಅವರ ಹೆಸರಿನಲ್ಲಿ ಈ ಪ್ರಶ್ನೆ ಬಂದಾಗ ಕೈಚೆಲ್ಲಿ ಕೂರುವಂತಿಲ್ಲ. ಭದ್ರತಾ ಮಂಡಳಿಯ 2014ರ 2165ನೇ ನಿರ್ಣಯ ಅಸ್ಸಾದ್‌ನ ಒಪ್ಪಿಗೆಯಿಲ್ಲದೆ ಗಡಿ ದಾಟಿ ನೆರವು ಕಳಿಸಲು ದಾರಿ ತೆರೆಯಿತು. ಅದನ್ನು ವಿಸ್ತರಿಸುವುದು, ನೆರೆಯ ದೇಶಗಳ ಶಿಬಿರಗಳಿಗೆ ಹಣ, ನಿರ್ಬಂಧಗಳು: ಇವನ್ನು ಮೂವತ್ತು ಸೆಕೆಂಡಿನಲ್ಲಾದರೂ ಹೇಳಿ.

ಕಾನೂನು: ಒಂದು ತೀರ್ಪು ಸಾಕು

1986ರ ಜೂನ್ 27ರ ನಿಕರಾಗುವ ತೀರ್ಪು. ನಿಕರಾಗುವ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಕಾಂಟ್ರಾ ಬಂಡುಕೋರರಿಗೆ ತರಬೇತಿ, ಆಯುಧ, ಹಣ ಕೊಟ್ಟ ಅಮೆರಿಕ, ಬೇರೆ ದೇಶದ ವ್ಯವಹಾರದಲ್ಲಿ ತಲೆಹಾಕಬಾರದೆಂಬ ನಿಯಮ ಮುರಿದಿದೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತು. ಆಗ ಅದರ ಅಧ್ಯಕ್ಷರಾಗಿದ್ದವರು ಭಾರತದ ನಗೇಂದ್ರ ಸಿಂಗ್. ಆಯುಧ ಮತ್ತು ತರಬೇತಿ ಬಲಪ್ರಯೋಗದ ಮಟ್ಟಕ್ಕೆ ಹೋಗುತ್ತದೆ, ಬರೀ ಹಣ ಕೊಟ್ಟರೆ ಅದು ಹಸ್ತಕ್ಷೇಪ, ಆದರೆ ಬಲಪ್ರಯೋಗವಲ್ಲ ಎಂಬ ಸೂಕ್ಷ್ಮವನ್ನೂ ಆ ತೀರ್ಪು ಗುರುತಿಸಿತು. ಪರ ತಂಡ ಇದಕ್ಕೆ ‘ಕಾನೂನು ಬೇರೆ, ನ್ಯಾಯ ಬೇರೆ’ ಎಂದು ಉತ್ತರಿಸಬಹುದು. ತೀರ್ಪೇ ಇಲ್ಲ ಎಂಬಂತೆ ನಟಿಸಬಾರದು.

ನಮ್ಮ ನೆರೆಯ ಉದಾಹರಣೆಗಳು

ಇಲ್ಲಿನ ತೀರ್ಪುಗಾರರು 1971ನ್ನೂ ಶ್ರೀಲಂಕಾವನ್ನೂ ಬಲ್ಲರು, ಆದ್ದರಿಂದ ಅರೆಬರೆ ಹೇಳಿದರೆ ಸಿಕ್ಕಿಬೀಳುತ್ತೀರಿ. ಪೂರ್ವ ಪಾಕಿಸ್ತಾನದ ಬಂಡುಕೋರ ಪಡೆಯಾದ ಮುಕ್ತಿವಾಹಿನಿಗೆ ಭಾರತ ತರಬೇತಿ, ಆಯುಧ ಕೊಟ್ಟಿತು, ಬಾಂಗ್ಲಾದೇಶ ಹುಟ್ಟಿತು. ಪರ ತಂಡ ಇಲ್ಲಿಗೆ ನಿಲ್ಲಿಸುತ್ತದೆ. ಆದರೆ ಫಲಿತಾಂಶ ಬಂದದ್ದು ಡಿಸೆಂಬರ್ 3ರಿಂದ 16ರವರೆಗೆ ಭಾರತೀಯ ಸೇನೆಯೇ ಇಳಿದ ಮೇಲೆ. ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತದೊಳಗೆ ಬಂದಿದ್ದರು, ಬಂಡುಕೋರರಿಗೆ 1970ರ ಚುನಾವಣೆಯಲ್ಲಿ ಗೆದ್ದ ಒಂದೇ ರಾಜಕೀಯ ನಾಯಕತ್ವ ಇತ್ತು. ಸಿರಿಯಾದಲ್ಲಿ ಈ ಎರಡೂ ಅಂಶ ಅಮೆರಿಕದ ಪಾಲಿಗೆ ಇರಲಿಲ್ಲ.

ಶ್ರೀಲಂಕಾ ವಿರೋಧ ತಂಡದ ಆಸ್ತಿ. 1983ರ ಜುಲೈ ಹತ್ಯಾಕಾಂಡದ ನಂತರ ಭಾರತ ಹಲವು ತಮಿಳು ಗುಂಪುಗಳಿಗೆ ತರಬೇತಿ ಕೊಟ್ಟಿತು, ಎಲ್‌ಟಿಟಿಇ ಉಳಿದ ಗುಂಪುಗಳನ್ನು ನುಂಗಿತು. 1987ರ ಒಪ್ಪಂದದ ನಂತರ ಹೋದ ಶಾಂತಿಪಾಲನಾ ಪಡೆ ಅದೇ ಎಲ್‌ಟಿಟಿಇ ಜೊತೆ ಕಾದಾಡಿ ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆ. ಆ ಸಂಚಿನ ಶಿವರಾಸನ್ ಮತ್ತು ಸಂಗಡಿಗರು ಆಗಸ್ಟ್‌ನಲ್ಲಿ ಸತ್ತು ಸಿಕ್ಕಿದ್ದು ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ. ಪರ ತಂಡದ ಉತ್ತರ ಹೀಗಿರಲಿ: ಅಲ್ಲಿ ಕೆಟ್ಟದ್ದು ಆಯುಧ ಕೊಟ್ಟದ್ದರಿಂದ ಮಾತ್ರವಲ್ಲ, ಹಲವು ಗುಂಪುಗಳಿಗೆ ಒಟ್ಟಿಗೆ ಕೊಟ್ಟು, ಅವು ಒಂದನ್ನೊಂದು ಕೊಲ್ಲುವಾಗ ತಡೆಯದಿದ್ದುದರಿಂದ.

2024ರ ಡಿಸೆಂಬರ್ 8

ಅಸ್ಸಾದ್ ಆಡಳಿತ ಕೊನೆಗೂ ಬಿತ್ತಲ್ಲ ಎಂದು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಕೆಡವಿದ್ದರಲ್ಲಿ ಮುಂಚೂಣಿಯಲ್ಲಿದ್ದದ್ದು ಅಹ್ಮದ್ ಅಲ್-ಶರಾ ನಾಯಕತ್ವದ ಎಚ್‌ಟಿಎಸ್ (ಹಯಾತ್ ತಹ್ರೀರ್ ಅಲ್-ಶಾಮ್) ಎಂಬ ಬಂಡುಕೋರ ಸಂಘಟನೆ. ಅದರ ಬೇರು ನುಸ್ರಾ ಫ್ರಂಟ್‌ನಲ್ಲಿ, ಆ ನುಸ್ರಾವನ್ನು ಅಮೆರಿಕ 2012ರ ಡಿಸೆಂಬರ್‌ನಲ್ಲೇ ಉಗ್ರ ಸಂಘಟನೆ ಎಂದು ಪಟ್ಟಿಮಾಡಿತ್ತು. ಆಗ ರಷ್ಯಾ ಉಕ್ರೇನ್‌ನಲ್ಲಿ ಸಿಲುಕಿತ್ತು, ಇಸ್ರೇಲ್ ಜೊತೆಗಿನ ಯುದ್ಧದಲ್ಲಿ ಹಿಜ್ಬುಲ್ಲಾ ಸೊರಗಿತ್ತು. 2017ರಲ್ಲೇ ನಿಂತ ಯೋಜನೆಗೆ ಈ ಗೆಲುವಿನ ಶ್ರೇಯ ಕಟ್ಟುವುದು ಪರ ತಂಡಕ್ಕೆ ಅಪಾಯ. ‘ನೋಡಿ, ಉಗ್ರರೇ ಬಂದರು’ ಎಂದು ಇದನ್ನು ಅಮೆರಿಕದ ಆಯುಧಕ್ಕೆ ಅಂಟಿಸುವುದು ವಿರೋಧ ತಂಡಕ್ಕೂ ಅಷ್ಟೇ ಅಪಾಯ.

ಸಮಯ ಹಂಚಿಕೆ

ಮೂವರ ತಂಡ, ಏಳು ನಿಮಿಷದ ಭಾಷಣ ಇದ್ದರೆ ಮೊದಲ ಪರ ವಾದಿ ಒಂದು ನಿಮಿಷ ವ್ಯಾಖ್ಯೆಗೆ, ಎರಡು ನಿಮಿಷ ಯೋಜನೆಗೆ, ಉಳಿದ ನಾಲ್ಕನ್ನು ಒಂದೇ ವಾದಕ್ಕೆ ಕೊಡಲಿ. ನಾಲ್ಕು ಅಥವಾ ಐದು ನಿಮಿಷದ ಕನ್ನಡ ಚರ್ಚಾಸ್ಪರ್ಧೆಯಲ್ಲಿ ಎರಡೇ ವಾದ, ಒಂದೇ ಉದಾಹರಣೆ. ಅಂಕಿಗಳು ಮೂರಕ್ಕಿಂತ ಹೆಚ್ಚಾದರೆ ಕೇಳುಗರಿಗೆ ಒಂದೂ ಉಳಿಯದು. ಮಧ್ಯೆ ಪ್ರಶ್ನೆ ಕೇಳಲು ಅವಕಾಶ ಸಿಕ್ಕರೆ ಪರ ತಂಡಕ್ಕೆ ಕೇಳಬೇಕಾದದ್ದು: ‘ನೀವು ಆರಿಸಿದ ಗುಂಪು ಆರು ತಿಂಗಳಲ್ಲಿ ಸೋತರೆ ಸೇನೆ ಕಳಿಸುತ್ತೀರೋ, ಕೈಬಿಡುತ್ತೀರೋ?’ ವಿರೋಧ ತಂಡಕ್ಕೆ: ‘ನೀವು ಕೊಡದಿದ್ದಾಗ ಆ ಗುಂಪಿನ ಯೋಧರು ಯಾರ ಬಳಿ ಹೋದರು?’

ಸಿರಿಯಾದ ಬದಲು ಮ್ಯಾನ್ಮಾರ್ ಬಂದರೂ ಅದೇ ಹಾಳೆ ಸಾಕು. 2021ರ ಫೆಬ್ರುವರಿ 1ರ ಸೇನಾ ದಂಗೆಯ ನಂತರ ಅಲ್ಲಿ ಹೋರಾಡುತ್ತಿರುವವರು ಒಂದು ಗುಂಪಲ್ಲ: ಪೀಪಲ್ಸ್ ಡಿಫೆನ್ಸ್ ಫೋರ್ಸ್ ಇದೆ, ಅರಾಕಾನ್ ಆರ್ಮಿಯಂಥ ಜನಾಂಗೀಯ ಸೇನೆಗಳಿವೆ. ಭಾರತಕ್ಕೆ ಅಲ್ಲಿ 1,643 ಕಿ.ಮೀ. ಗಡಿಯಿದೆ. ಹಾಗಾಗಿ ಕೊಟ್ಟ ಆಯುಧ ಮಣಿಪುರದತ್ತ ಮರಳಿದರೆ ಏನು ಮಾಡುವಿರಿ ಎಂಬ ಆರನೆಯ ಪ್ರಶ್ನೆಯನ್ನೂ ಹಾಳೆಗೆ ಸೇರಿಸಿಕೊಳ್ಳಿ.