ದಾರಿ ನಿಮ್ಮದೇ: ಸ್ಕಾಟ್ಲೆಂಡನ್ನು ಕಡಲಿಂದ ಕಡಲಿಗೆ ನಡೆಯುವುದು ಹೇಗೆ?

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ನಡಿಗೆ ಶುರು. ಗುಡ್ಡ, ಕಣಿವೆ, ಹೊಳೆ, ಜೌಗು ದಾಟಿ ಪೂರ್ವದ ಕಡಲು ಮುಟ್ಟಿದರೆ ಮುಗಿಯಿತು. ನಡುವೆ ಸುಮಾರು 300 ಕಿಲೋಮೀಟರ್. ಹೆಚ್ಚೆಂದರೆ 15 ದಿನ. ಟೆಂಟ್, ಒಲೆ, ಊಟ ಎಲ್ಲವೂ ಬೆನ್ನ ಮೇಲೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಕೆಲವು ನೂರು ಜನ ಹೀಗೆ ದೇಶದ ಅಗಲಕ್ಕೆ ನಡೆಯುತ್ತಾರೆ. ಇದರ ಹೆಸರು ‘ದಿ ಗ್ರೇಟ್ ಔಟ್‌ಡೋರ್ಸ್ ಚಾಲೆಂಜ್’. ನಡೆಯುವವರ ಬಾಯಲ್ಲಿ ‘ಟಿಜಿಒ ಚಾಲೆಂಜ್’.

ಇದು ಶುರುವಾದದ್ದು 1980ರಲ್ಲಿ. ಯೋಚನೆ ಹ್ಯಾಮಿಶ್ ಬ್ರೌನ್ ಅವರದು. ಸ್ಕಾಟ್ಲೆಂಡಿನಲ್ಲಿ 3,000 ಅಡಿ ಮೀರಿದ ಬೆಟ್ಟಗಳಿಗೆ ‘ಮನ್ರೋ’ ಅನ್ನುತ್ತಾರೆ. ಅಷ್ಟನ್ನೂ ಒಂದೇ ಪ್ರಯಾಣದಲ್ಲಿ ಹತ್ತಿ ಮುಗಿಸಿದ ಮೊದಲಿಗರು ಅವರು. ಅದು 1974ರ ಮಾತು. ಅಂಥವರು ರೂಪಿಸಿದ ಕಾರ್ಯಕ್ರಮ ಅಂದರೆ ಪೈಪೋಟಿ ಇರಬೇಕು ಅನ್ನಿಸಬಹುದು. ಇಲ್ಲ. ಇಲ್ಲಿ ಗೆಲ್ಲುವವರು, ಸೋಲುವವರು ಅಂತ ಯಾರೂ ಇಲ್ಲ. ಬಾಣದ ಗುರುತು, ಬಣ್ಣದ ಪಟ್ಟಿ, ಗೈಡ್ ಯಾವುದೂ ಇಲ್ಲ. ಎಲ್ಲಿಂದ ಹೊರಡಬೇಕು, ಯಾವ ಘಟ್ಟ ಹತ್ತಬೇಕು, ರಾತ್ರಿ ಎಲ್ಲಿ ಮಲಗಬೇಕು ಎಲ್ಲವನ್ನೂ ನೀವೇ ಬರೆದು ಸಂಘಟಕರಿಗೆ ಕೊಡಬೇಕು. ನನಗೆ ಈ ನಡಿಗೆಯ ಜೀವಾಳವೇ ಇದು ಅನ್ನಿಸುತ್ತದೆ. ಮ್ಯಾಪಿನ ಮುಂದೆ ಕೂತು ಕಳೆಯುವ ಚಳಿಗಾಲದ ಸಂಜೆಗಳು ಮೇ ತಿಂಗಳ ದಿನಗಳಷ್ಟೇ ಮುಖ್ಯ.

ಮೊದಲು ಅರ್ಜಿ

ಮೇ ತಿಂಗಳ ನಡಿಗೆಗೆ ಹಿಂದಿನ ವರ್ಷವೇ ಅರ್ಜಿ ಹಾಕಬೇಕು. ಒಬ್ಬರೇ ಹೋಗಬಹುದು, ಸಣ್ಣ ಗುಂಪಾಗಿಯೂ ಹೋಗಬಹುದು. ಬೆಟ್ಟದಲ್ಲಿ ಹಲವು ದಿನ ಸ್ವಂತ ಬಲದ ಮೇಲೆ ನಡೆದ, ಟೆಂಟಿನಲ್ಲಿ ಮಲಗಿದ ಅನುಭವ ಇದೆಯೇ ಎಂದು ನೋಡುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಅನುಭವ ಕಡಿಮೆ ಇದ್ದರೆ ಒಂದು ವರ್ಷ ತಡವಾಗಿ ಅರ್ಜಿ ಹಾಕುವುದು ಒಳ್ಳೆಯದು. ಬ್ರಿಟನ್ನಿನಲ್ಲೇ ಇರುವ ಕನ್ನಡಿಗರಿಗೆ ಆ ವರ್ಷದಲ್ಲಿ ಅಲ್ಲಿನ ಗುಡ್ಡಗಳನ್ನೇ ಸುತ್ತುವ ಅವಕಾಶ ಇದೆ. ಇಲ್ಲಿಂದ ಹೋಗುವವರು ವಿಸಿಟರ್ ವೀಸಾದ ಕೆಲಸವನ್ನೂ ಬೇಗ ಶುರು ಮಾಡಬೇಕು.

ದಾರಿ ಹೆಣೆಯುವುದು

ಪಶ್ಚಿಮದಲ್ಲಿ ಹೊರಡುವ ಜಾಗಗಳ ಪಟ್ಟಿ ಒಂದಿದೆ. ಉತ್ತರದ ಟಾರಿಡನ್, ನಡುವಿನ ಶೀಲ್ ಬ್ರಿಜ್, ರೈಲು ಹೋಗಿ ಮುಟ್ಟುವ ಮ್ಯಾಲೇಗ್, ಕೆಳಗಿನ ಓಬನ್ ಹೀಗೆ. ಅದರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮುಗಿಸುವುದು ಪೂರ್ವ ಕರಾವಳಿಯಲ್ಲಿ. ಅಲ್ಲಿಂದ ಮಾಂಟ್ರೋಸ್ ಪಟ್ಟಣಕ್ಕೆ ಹೋಗಿ ಹೆಸರು ಹೇಳಿ ಬರಬೇಕು.

ಮೊದಲ ಸಲ ಹೋಗುವವರಿಗೆ ನಾನು ಹೇಳುವ ದಾರಿ ಇದು. ಶೀಲ್ ಬ್ರಿಜ್‌ನಿಂದ ಹೊರಟು ಗ್ಲೆನ್ ಆಫ್ರಿಕ್ ಕಣಿವೆ ಹಿಡಿಯಿರಿ. ಹಳೆಯ ಪೈನ್ ಕಾಡು ಉಳಿದಿರುವ ಕಣಿವೆ ಅದು. ಅಲ್ಲಿಂದ ಕ್ಯಾನಿಕ್ ಊರು, ಆಮೇಲೆ ಲಾಕ್ ನೆಸ್ ಸರೋವರ. ದೋಣಿಯಲ್ಲಿ ಸರೋವರ ದಾಟಿ ಮೋನಾಲಿಯಾ ಬೆಟ್ಟಸಾಲಿನ ಬೋಳು ಬಯಲನ್ನು ಅಡ್ಡಹಾಯಬೇಕು. ಬಿಡುವು, ಸ್ನಾನ, ದಿನಸಿ ಎಲ್ಲಕ್ಕೂ ಕಿಂಗ್ಯೂಸಿ ಒಳ್ಳೆಯ ಊರು. ಮುಂದೆ ಗ್ಲೆನ್ ಫೆಶಿ ಮೂಲಕ ಬ್ರೇಮರ್. ಅಲ್ಲಿಂದ ದಕ್ಷಿಣ–ಪೂರ್ವಕ್ಕೆ ತಿರುಗಿ ಗ್ಲೆನ್ ಎಸ್ಕ್ ಕಣಿವೆಯ ಟಾರ್ಫ್‌ಸೈಡ್. ಕೊನೆಗೆ ಎಡ್ಜೆಲ್ ದಾಟಿ ಸಮುದ್ರ. ದೊಡ್ಡ ಶಿಖರ ಯಾವುದೂ ಕಡ್ಡಾಯವಲ್ಲ. ಹವಾಮಾನ ಚೆನ್ನಾಗಿದ್ದರೆ ಪಕ್ಕದ ಮನ್ರೋ ಒಂದನ್ನು ಹತ್ತಿ ಇಳಿಯಬಹುದು.

ಲಾಕ್ ನೆಸ್ ದಾಟುವ ಬದಲು ಅದರ ತುದಿಯ ಫೋರ್ಟ್ ಅಗಸ್ಟಸ್‌ನಿಂದ ಕಾರಿಯಾರಿಕ್ ಘಟ್ಟ ಹತ್ತುವವರೂ ಇದ್ದಾರೆ. ಜನರಲ್ ವೇಡ್ 1731ರಲ್ಲಿ ಸೈನ್ಯಕ್ಕಾಗಿ ಕಟ್ಟಿಸಿದ ದಾರಿ ಅಲ್ಲಿ ಇಂದಿಗೂ ಇದೆ. ಮಂಜು ಕವಿದಾಗ ಗಟ್ಟಿ ದಾರಿ ಕಾಲ ಕೆಳಗೆ ಇರುವುದು ದೊಡ್ಡ ಧೈರ್ಯ.

ಆರ್ಡ್‌ನೆನ್ಸ್ ಸರ್ವೆ ಎಂಬ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯ 1:50,000 ಮ್ಯಾಪ್ ಹರಡಿಕೊಳ್ಳಿ. ಅದರಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಾಂಟೂರ್ ಗೆರೆಗಳ ನಡುವೆ 10 ಮೀಟರ್ ಎತ್ತರದ ವ್ಯತ್ಯಾಸ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು. ಇದು ಎಲ್ಲರಿಗೂ ಗೊತ್ತಿರುತ್ತದೆ. ಹೊಸಬರ ಕಣ್ಣಿಗೆ ಬೀಳದೆ ಹೋಗುವುದು ಬೇರೆ: ಗೆರೆಗಳು ದೂರದೂರ ಇದ್ದರೂ ನೆಲ ಸುಲಭ ಅಂತ ಅರ್ಥವಲ್ಲ. ಮೋನಾಲಿಯಾದಂಥ ಕಡೆ ಆ ಚಪ್ಪಟೆ ಜಾಗವೆಲ್ಲ ಪೀಟ್ ಜೌಗು. ಆಳುದ್ದದ ಕಪ್ಪು ಮಣ್ಣಿನ ಕಂದಕಗಳಲ್ಲಿ ಇಳಿದು ಹತ್ತುತ್ತಾ ಗಂಟೆಗೆ 2 ಕಿಲೋಮೀಟರ್ ಸಾಗಿದರೂ ಹೆಚ್ಚು.

ಸಮಯದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇನ್ನೂ ಬಳಕೆಯಲ್ಲಿದೆ. 5 ಕಿಲೋಮೀಟರಿಗೆ ಒಂದು ಗಂಟೆ. ಮೇಲೆ ಹತ್ತುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. 20 ಕಿಲೋಮೀಟರ್ ನಡಿಗೆ, 700 ಮೀಟರ್ ಏರು ಇದ್ದರೆ 5 ಗಂಟೆ 10 ನಿಮಿಷ ಬರುತ್ತದೆ. ಆದರೆ ಅದು ಹಗುರ ಬ್ಯಾಗಿನ, ಗಟ್ಟಿ ನೆಲದ ಲೆಕ್ಕ. ಬೆನ್ನ ಮೇಲೆ 13–14 ಕಿಲೋ ಭಾರ, ಒದ್ದೆ ನೆಲ, ಊಟದ ಬಿಡುವು ಸೇರಿಸಿ ನಾನು ಅದರ ಅರ್ಧದಷ್ಟನ್ನು ಮತ್ತೆ ಕೂಡಿಸುತ್ತೇನೆ. ಅಂದರೆ ಸುಮಾರು 8 ಗಂಟೆ. ಮೇ ತಿಂಗಳಲ್ಲಿ ಅಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 9ರವರೆಗೂ ಬೆಳಕಿರುವುದರಿಂದ ಅವಸರ ಬೇಡ. ಮೊದಲ ಮೂರು ದಿನವಂತೂ 15 ಕಿಲೋಮೀಟರ್ ಸಾಕು. ಕಾಲು ಕೆಡುವುದು ಆ ದಿನಗಳಲ್ಲೇ.

ಹೊಳೆಗಳ ವಿಚಾರದಲ್ಲಿ ಸ್ವಲ್ಪ ನಿಲ್ಲೋಣ. ಮ್ಯಾಪಿನಲ್ಲಿ ತೆಳುವಾದ ನೀಲಿ ಗೆರೆ ಕಂಡರೆ ಸುಮ್ನೆ ದಾಟಿ ಮುಂದೆ ಹೋಗಬೇಡಿ. ಸೇತುವೆ ಇದೆಯೇ, ಇಲ್ಲದಿದ್ದರೆ ಮೇಲ್ಗಡೆ ಎಷ್ಟು ದೂರ ಹೋದರೆ ಹೊಳೆ ಕಿರಿದಾಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಗ್ಲೆನ್ ಟಿಲ್ಟ್ ಕಣಿವೆಯಲ್ಲಿ ಟಾರ್ಫ್ ಹೊಳೆಗೆ ಒಂದು ತೂಗುಸೇತುವೆ ಇದೆ. 1879ರಲ್ಲಿ ಅಲ್ಲಿ ಮುಳುಗಿ ತೀರಿಕೊಂಡ ಫ್ರಾನ್ಸಿಸ್ ಬೆಡ್‌ಫರ್ಡ್ ಎಂಬ ಯುವಕನ ನೆನಪಿಗೆ 1886ರಲ್ಲಿ ಕಟ್ಟಿದ್ದು. ಬೆಳಿಗ್ಗೆ ಮೊಣಕಾಲಿನಷ್ಟಿದ್ದ ನೀರು ಒಂದೇ ಮಳೆಗೆ ಸೊಂಟ ಮೀರುತ್ತದೆ. ಮಲೆನಾಡಿನ ಹಳ್ಳಗಳನ್ನು ಜೂನ್‌ನಲ್ಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಒಂದೇ: ಅಲ್ಲಿನ ನೀರು ಮೈ ಮರಗಟ್ಟುವಷ್ಟು ತಣ್ಣಗಿರುತ್ತದೆ. ನೀರು ಜಾಸ್ತಿ ಇದ್ದರೆ ಕಾಯಿರಿ, ಇಲ್ಲವೇ ಸುತ್ತಿ ಹೋಗಿ.

ಎರಡನೇ ದಾರಿಯೂ ಬೇಕು

ಹೆಣೆದ ದಾರಿಯನ್ನು ದಿನಕ್ಕೊಂದು ಸಾಲಿನಂತೆ ಪಟ್ಟಿ ಮಾಡಿ ಕಳಿಸಬೇಕು. ಗ್ರಿಡ್ ಸಂಖ್ಯೆ (ಮ್ಯಾಪಿನಲ್ಲಿ ಜಾಗ ಗುರುತಿಸುವ ಅಂಕಿ), ದೂರ, ಏರು, ರಾತ್ರಿ ತಂಗುವ ಜಾಗ ಎಲ್ಲವೂ ಅದರಲ್ಲಿರಬೇಕು. ಎತ್ತರದಲ್ಲಿ ನಡೆಯುವ ದಿನಗಳಿಗೆ ಕೆಟ್ಟ ಹವಾಮಾನದ ಬದಲಿ ದಾರಿಯನ್ನೂ ಕೊಡಬೇಕು. ಆ ಗುಡ್ಡಗಳನ್ನು ಚೆನ್ನಾಗಿ ಬಲ್ಲ ಹಿರಿಯ ನಡಿಗೆಗಾರರು ಅದನ್ನು ಸಾಲುಸಾಲಾಗಿ ಓದುತ್ತಾರೆ. ಈ ಸೇತುವೆ ಕೊಚ್ಚಿಹೋಗಿದೆ, ಆ ಜಾಗದಲ್ಲಿ ಟೆಂಟ್ ಹಾಕಲು ಒಣ ನೆಲ ಸಿಗುವುದಿಲ್ಲ, ಈ ದಿನ ತುಂಬಾ ಉದ್ದವಾಯಿತು ಅಂತ ಬರೆದು ಕಳಿಸುತ್ತಾರೆ. ಇಂಥ ಓದು ಬೇರೆಲ್ಲೂ ಸಿಗುವುದಿಲ್ಲ. ಅವರ ಮಾತು ಕೇಳಿ, ದಾರಿ ತಿದ್ದಿ.

ಬದಲಿ ದಾರಿಯನ್ನು ಹೇಗೋ ತುಂಬಿಸಿ ಕಳಿಸುವ ಆಸೆ ಬರುತ್ತದೆ. ಹಾಗೆ ಮಾಡಬೇಡಿ. ಬೆನ್ ನೆವಿಸ್, ಇಡೀ ಬ್ರಿಟನ್ನಿನ ಅತಿ ಎತ್ತರದ ಬೆಟ್ಟ, 1,345 ಮೀಟರ್ ಮಾತ್ರ. ನಮ್ಮ ಮುಳ್ಳಯ್ಯನಗಿರಿ 1,930. ಈ ಅಂಕಿ ನೋಡಿ ಹಗುರವಾಗಿ ತೆಗೆದುಕೊಳ್ಳುವವರು ಜಾಸ್ತಿ. ಆದರೆ ಅಲ್ಲಿ 900 ಮೀಟರಿನಲ್ಲೇ ಮೇ ತಿಂಗಳಲ್ಲೂ ಹಿಮ ಬೀಳಬಹುದು. ಗಾಳಿಗೆ ನೆಟ್ಟಗೆ ನಿಲ್ಲಲಾಗದ ದಿನಗಳಿರುತ್ತವೆ. ಏವಿಮೋರ್‌ನಿಂದ ಬ್ರೇಮರ್‌ಗೆ ಹೋಗುವ ಲೇರಿಗ್ ಗ್ರೂ ಘಟ್ಟದ ನೆತ್ತಿ 835 ಮೀಟರ್. ಅದು ಎರಡು ಬೆಟ್ಟಗಳ ನಡುವಿನ ದಾರಿಯೇ ಹೊರತು ಶಿಖರವಲ್ಲ. ಅಲ್ಲೂ ಹಿಂದೆ ತಿರುಗಬೇಕಾಗಿ ಬರಬಹುದು.

ಎಲ್ಲಿ ಮಲಗಬಹುದು?

ನಮ್ಮಲ್ಲಿ ಕುಮಾರಪರ್ವತ ಹತ್ತಲು ಅರಣ್ಯ ಇಲಾಖೆಯ ಅನುಮತಿ ಬೇಕು ಅಲ್ವಾ? ಸ್ಕಾಟ್ಲೆಂಡಿನಲ್ಲಿ 2003ರ ಭೂ ಸುಧಾರಣಾ ಕಾಯ್ದೆ ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಿಗೂ ಬೇರೆಯವರ ಗುಡ್ಡದ ಮೇಲೆ ನಡೆಯುವ, ಟೆಂಟ್ ಹಾಕುವ ಹಕ್ಕು ಕೊಟ್ಟಿದೆ. ಇಂಗ್ಲೆಂಡಿನ ಬಹುಪಾಲು ಕಡೆ ಇದು ಇಲ್ಲ. ಸ್ವಂತ ದಾರಿಯ ಇಂಥ ನಡಿಗೆ ಅಲ್ಲಿ ಇಷ್ಟು ಸಲೀಸಾಗಿ ನಡೆಯುವುದಕ್ಕೆ ಈ ಹಕ್ಕೂ ಒಂದು ಕಾರಣ. ಅದನ್ನು ಉಳಿಸಿಕೊಳ್ಳುವುದು ನಡೆಯುವವರ ಕೈಯಲ್ಲಿದೆ. ಮನೆ, ರಸ್ತೆಯಿಂದ ದೂರ ಮಲಗಿ. ಶೌಚಕ್ಕೆ ಹೊಳೆ, ಕೆರೆಯಿಂದ ಕನಿಷ್ಠ 30 ಮೀಟರ್ ದೂರ ಹೋಗಿ, ಗುಂಡಿ ತೋಡಿ ಮುಚ್ಚಿ. ಕಸವನ್ನೆಲ್ಲ ಹೊತ್ತು ತನ್ನಿ. ಮೇ ಅಂದರೆ ಅಲ್ಲಿ ಕುರಿ ಮರಿ ಹಾಕುವ ಕಾಲ, ಮಂದೆಯನ್ನು ಬೆದರಿಸದೆ ಸುತ್ತಿ ಹೋಗಿ.

ನಡುನಡುವೆ ‘ಬಾತಿ’ಗಳೂ ಸಿಗುತ್ತವೆ. ಬೆಟ್ಟದ ನಡುವೆ ಬಿಟ್ಟುಹೋದ ಹಳೆಯ ಕಲ್ಲುಮನೆಗಳು. 1965ರಲ್ಲಿ ಹುಟ್ಟಿದ ಮೌಂಟನ್ ಬಾತೀಸ್ ಅಸೋಸಿಯೇಷನ್ ಇಂಥ ನೂರರಷ್ಟು ಮನೆಗಳನ್ನು ಸ್ವಯಂಸೇವಕರಿಂದ ನೋಡಿಕೊಳ್ಳುತ್ತಿದೆ. ಬೀಗ ಇಲ್ಲ, ಬಾಡಿಗೆ ಇಲ್ಲ. ಕರೆಂಟು, ನಲ್ಲಿ, ಹಾಸಿಗೆಯೂ ಇಲ್ಲ. ಮಳೆಯಲ್ಲಿ ನೆಂದು ಬಂದವರಿಗೆ ಅದು ಅರಮನೆ. ಆದರೂ ಟೆಂಟ್ ಬಿಟ್ಟು ಹೋಗಬೇಡಿ, ಬಾತಿ ತುಂಬಿರಬಹುದು.

ಬ್ಯಾಗಿನಲ್ಲಿ ಏನಿರಬೇಕು?

ಗಾಳಿ ತಡೆಯುವ ಟೆಂಟ್, ಸೊನ್ನೆ ಡಿಗ್ರಿಗೂ ಸಾಲುವ ಸ್ಲೀಪಿಂಗ್ ಬ್ಯಾಗ್, ಮಳೆ ಅಂಗಿ–ಪ್ಯಾಂಟು, ಯಾವಾಗಲೂ ಒಣದಾಗಿಯೇ ಇಡುವ ಒಂದು ಜೊತೆ ಬಟ್ಟೆ, ಕಾಗದದ ಮ್ಯಾಪ್, ದಿಕ್ಸೂಚಿ. ಫೋನಿನ ಮ್ಯಾಪ್ ಇರಲಿ, ಅದೊಂದನ್ನೇ ನಂಬಬೇಡಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಹೊಸ ಶೂ ಹಾಕಿಕೊಂಡು ಹೋಗಲೇಬೇಡಿ.

ಊಟಕ್ಕೆ ನಮ್ಮ ಅಡುಗೆಮನೆಯೇ ಸಾಕು. ಗಟ್ಟಿ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ, ಕಡಲೆಬೀಜದ ಚಿಕ್ಕಿ, ಪುಳಿಯೋಗರೆ ಗೊಜ್ಜು. ತೂಕ ಕಡಿಮೆ, ಶಕ್ತಿ ಹೆಚ್ಚು, ಬಿಸಿನೀರು ಸಿಕ್ಕರೆ ಊಟ ತಯಾರು. ತುಪ್ಪ, ಖೋವಾ ಸಿಹಿ ಮಾತ್ರ ಬೇಡ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯಲು ಬ್ರಿಟನ್ ಬಿಡುವುದಿಲ್ಲ. ಗ್ಯಾಸ್ ಡಬ್ಬಿಯನ್ನೂ ವಿಮಾನದಲ್ಲಿ ಒಯ್ಯುವ ಹಾಗಿಲ್ಲ. ಇನ್‌ವರ್ನೆಸ್ ಅಥವಾ ಗ್ಲಾಸ್ಗೊದಲ್ಲಿ ಕೊಳ್ಳಿ. ಒಮ್ಮೆಗೆ 4–5 ದಿನಕ್ಕಿಂತ ಹೆಚ್ಚು ಊಟ ಹೊರಬೇಡಿ. ಉಳಿದದ್ದನ್ನು ಕಿಂಗ್ಯೂಸಿ, ಬ್ರೇಮರ್‌ನಂಥ ಊರಿನಲ್ಲಿ ನೀವು ತಂಗುವ ಮನೆಯವರಿಗೆ ಮೊದಲೇ ಹೇಳಿ ಅಂಚೆಯಲ್ಲಿ ಕಳಿಸಿಡಬಹುದು.

ಮಲೆನಾಡಿನವರಿಗೆ ಮಂಗನಕಾಯಿಲೆಯಿಂದಾಗಿ ಉಣುಗಿನ ಭಯ ಗೊತ್ತು. ಸ್ಕಾಟ್ಲೆಂಡಿನ ಉಣುಗು ಹರಡುವುದು ಲೈಮ್ ಕಾಯಿಲೆಯನ್ನು. ಪ್ರತಿ ರಾತ್ರಿ ಮೈಯೆಲ್ಲ ನೋಡಿಕೊಳ್ಳಿ. ಕಚ್ಚಿದ್ದರೆ ಚಿಮಟದಿಂದ ಅದನ್ನು ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು ನಿಧಾನವಾಗಿ ಎಳೆಯಿರಿ. ವಾರಗಳ ನಂತರ ಚರ್ಮದ ಮೇಲೆ ಹರಡುತ್ತಾ ಹೋಗುವ ಕೆಂಪು ಕಲೆ ಕಂಡರೆ ವೈದ್ಯರಿಗೆ ಉಣುಗಿನ ವಿಷಯ ಹೇಳಿ.

ಇಲ್ಲೇ ತಯಾರಿ

ತೂಕ ಹೊತ್ತು ಸತತವಾಗಿ ನಡೆಯುವುದೇ ಅಭ್ಯಾಸ. ಒಂದು ದಿನ ಬೆಟ್ಟ ಹತ್ತಿ ಮರುದಿನ ಮಲಗಿಬಿಟ್ಟರೆ ಪ್ರಯೋಜನವಿಲ್ಲ. ಶನಿವಾರ, ಭಾನುವಾರ ಎರಡೂ ದಿನ ನಡೆಯಿರಿ. ಎರಡನೇ ದಿನದ ಕಾಲುಗಳೇ ನಿಮಗೆ ಬೇಕಾದ ಸತ್ಯ ಹೇಳುತ್ತವೆ. ಮಳೆಗಾಲದಲ್ಲೂ ಬಿಡಬೇಡಿ. ಒದ್ದೆ ಸಾಕ್ಸಿನಲ್ಲಿ ಎಲ್ಲಿ ಗುಳ್ಳೆ ಏಳುತ್ತದೆ, ಮಳೆಯಲ್ಲಿ ಟೆಂಟ್ ನಿಲ್ಲಿಸಲು ಎಷ್ಟು ಹೊತ್ತು ಬೇಕು ಎಂಬುದು ಊರಿನಲ್ಲೇ ಗೊತ್ತಾಗಬೇಕು. ಟೆಂಟಿಗೆ ಮನೆಯ ತಾರಸಿಯಾದರೂ ಸಾಕು.

ಹೊರಟ ಮೇಲೆ

ದಾರಿಯ ನಡುವೆ ನಿಗದಿಯಾದ ಕಡೆಗಳಿಂದ ಮಾಂಟ್ರೋಸ್‌ನ ಕಂಟ್ರೋಲ್‌ಗೆ (ಸಂಘಟಕರ ಕಚೇರಿಗೆ) ಫೋನ್ ಮಾಡಿ ಎಲ್ಲಿದ್ದೀರಿ ಎಂದು ತಿಳಿಸಬೇಕು. ಕಣಿವೆಗಳಲ್ಲಿ ಸಿಗ್ನಲ್ ಇರುವುದೇ ಅಪರೂಪ. ಹಾಗಾಗಿ ಫೋನ್ ಮಾಡುವ ಜಾಗವನ್ನೂ ಮೊದಲೇ ಗುರುತಿಸಿಡಿ. ತುರ್ತಿಗೆ 999. ಪೊಲೀಸರನ್ನು ಕೇಳಿ, ಬೆಟ್ಟದ ರಕ್ಷಣಾ ತಂಡ ಬೇಕೆಂದು ಹೇಳಿ. ಸಿಗ್ನಲ್ ಮಾತಾಡುವಷ್ಟು ಇರದಿದ್ದರೂ ಮೆಸೇಜ್ ಹೋಗಬಹುದು. ಅದಕ್ಕೆ ಬ್ರಿಟನ್ನಿನ ಸಿಮ್ ಹಾಕಿದ ಕೂಡಲೇ ‘ರಿಜಿಸ್ಟರ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ 999ಕ್ಕೆ ಕಳಿಸಿ ನೋಂದಾಯಿಸಿಕೊಳ್ಳಬೇಕು. ಬರುವ ರಕ್ಷಕರಲ್ಲಿ ಹೆಚ್ಚಿನವರು ಸ್ವಯಂಸೇವಕರು, ಹಣ ಕೇಳುವುದಿಲ್ಲ.

ಮಂಡಿ ಊದಿಕೊಂಡರೆ, ಜ್ವರ ಬಂದರೆ, ಮನಸ್ಸೇ ಬೇಡ ಅಂದರೆ ನಡಿಗೆ ನಿಲ್ಲಿಸಬಹುದು. ಪ್ರತಿ ವರ್ಷ ಹಾಗೆ ನಿಲ್ಲಿಸುವವರು ಇರುತ್ತಾರೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಬಸ್ಸು, ರೈಲು ಹತ್ತುವ ಮುಂಚೆ ಕಂಟ್ರೋಲ್‌ಗೆ ಫೋನ್ ಮಾಡಿ ಹೇಳಿ. ಹೇಳದೆ ಮನೆಗೆ ಹೋದರೆ, ನೀವು ಸೋಫಾದ ಮೇಲೆ ಕೂತಿರುವಾಗ ನಿಮ್ಮನ್ನು ಹುಡುಕಲು ಜನ ಮಳೆಯಲ್ಲಿ ಬೆಟ್ಟ ಹತ್ತಬೇಕಾಗುತ್ತದೆ.